ಕಾಂಟೆಸ್ಸಾಕ್ಕೆ ಬಿಳಿ ಬಣ್ಣ: ಹದಿನಾಲ್ಕು ತಿಂಗಳ ಭಾನುವಾರಗಳು

ದಾವಣಗೆರೆಯಲ್ಲಿ ಬೋರ್‌ವೆಲ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು. ಸುಟ್ಟ ಮೋಟಾರು ಬಿಚ್ಚಿ, ಹೊಸ ತಂತಿ ಸುತ್ತಿ, ಬುಷ್ ಬದಲಿಸಿ ಕೊಡುವುದು ನನ್ನ ಕಸುಬು. ಕಾರಿಗೆ ಬಣ್ಣ ಹೊಡೆಯುವುದಲ್ಲ. ಹರಿಹರದ ಬಳಿಯ ರೈಸ್ ಮಿಲ್ಲೊಂದಕ್ಕೆ ಮೋಟಾರು ತಲುಪಿಸಲು ಹೋಗಿದ್ದಾಗ, ಹುಣಸೆ ಮರದ ಕೆಳಗೆ ತೌಡಿನ ಧೂಳು ಹೊದ್ದು ನಿಂತಿದ್ದ 1993ರ ಕಾಂಟೆಸ್ಸಾ ಕ್ಲಾಸಿಕ್ ಕಣ್ಣಿಗೆ ಬಿತ್ತು. ನಾಲ್ಕೂ ಟೈರು ಮಣ್ಣಿಗಂಟಿದ್ದವು, ಡಿಕ್ಕಿಯೊಳಗೆ ಇಲಿ ಮರಿ ಹಾಕಿತ್ತು. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಮಗಳು ಅಂದು ನನ್ನ ಜೊತೆಗಿದ್ದಳು. ಅವಳು ಕಾರಿನ ಸುತ್ತ ಎರಡು ಸುತ್ತು ಹಾಕಿ, “ಅಪ್ಪಾಜಿ, ಇದನ್ನ ನಾವೇ ಮಾಡೋಣ” ಎಂದಳು. ಅರವತ್ತು ಸಾವಿರಕ್ಕೆ ವ್ಯಾಪಾರ ಕುದುರಿತು.

ಕಾಂಟೆಸ್ಸಾವನ್ನು ನಮ್ಮಲ್ಲಿ ಕೆಲವರು ಭಾರತದ ಮಸಲ್ ಕಾರು ಎನ್ನುವುದುಂಟು. ಆದರೆ ಅಮೆರಿಕದವರು ಮಸಲ್ ಕಾರು ಎನ್ನುವ, ಭಾರಿ ಎಂಜಿನ್ನಿನ ವೇಗದ ಕಾರಿಗೂ ಇದಕ್ಕೂ ಬಲದಲ್ಲಿ ಹೋಲಿಕೆಯೇ ಇಲ್ಲ. ಆ ವಂಶದ ಮೊದಲನೆಯದೆಂದು ಬಹಳಷ್ಟು ಜನ ಒಪ್ಪುವ 1964ರ ಪಾಂಟಿಯಾಕ್ ಜಿಟಿಒದಲ್ಲಿ ಆರೂವರೆ ಲೀಟರಿಗೆ ಸಮೀಪದ ಎಂಟು ಸಿಲಿಂಡರಿನ ವಿ8 ಎಂಜಿನ್ ಇದ್ದು, ಮುನ್ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು. ನಮ್ಮ ಕಾಂಟೆಸ್ಸಾದ್ದು 1.8 ಲೀಟರಿನ ಇಸುಜು ಎಂಜಿನ್, ನೂರರ ಗಡಿಯನ್ನೂ ಮುಟ್ಟದು. ಆದರೂ ಉದ್ದನೆಯ ಬಾನೆಟ್ಟು, ಅಗಲವಾದ ಹೆಗಲು, ಹಿಂದಿನ ಚಕ್ರಗಳನ್ನು ತಿರುಗಿಸುವ ಚಾಲನೆ ಎಲ್ಲ ಸೇರಿ ಇದಕ್ಕೆ ಆ ಗತ್ತು ಬಂದಿದೆ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟರ್ಸ್ ಕಂಪನಿಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1984ರಿಂದ ತಯಾರಿಸಿದ ಕಾರು ಇದು. ಮೊದಮೊದಲು ಇದಕ್ಕೆ ಅಂಬಾಸಡರಿನ ಎಂಜಿನ್ನನ್ನೇ ಕೂರಿಸುತ್ತಿದ್ದರು. ಅಷ್ಟು ದೊಡ್ಡ ದೇಹವನ್ನು ಅದು ಏದುಸಿರು ಬಿಡುತ್ತಾ ಎಳೆಯುತ್ತಿತ್ತು ಎಂದು ಓಡಿಸಿದವರು ಈಗಲೂ ನಗುತ್ತಾರೆ.

ಅಂಗಡಿಯ ಹಿಂದಿನ ಶೆಡ್ಡಿಗೆ ಕಾರನ್ನು ತಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ, ಹಳೆಯ ಸ್ಪೀಕರಿನ ಆಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, ಇಡೀ ಮೈಮೇಲೆ ಅದನ್ನು ಆಡಿಸಲು ಹೇಳಿದ್ದು. ತಗಡಿದ್ದ ಕಡೆ ಅದು ಅಂಟುತ್ತಿತ್ತು, ಪುಟ್ಟಿ ದಪ್ಪಗಿದ್ದ ಕಡೆ ಜಾರಿ ಬೀಳುತ್ತಿತ್ತು. ಜಾರಿದ ಜಾಗಕ್ಕೆಲ್ಲ ಅವಳು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಹೋದಳು. ಸಂಜೆಗೆ ನೋಡಿದರೆ ಎಡಗಡೆಯ ಎರಡೂ ಬಾಗಿಲುಗಳ ಕೆಳಭಾಗ, ಹಿಂದಿನ ಚಕ್ರದ ಕಮಾನು, ಡಿಕ್ಕಿಯ ಅಂಚು ಎಲ್ಲವೂ ಸುಣ್ಣದ ಗೆರೆಯೊಳಗಿದ್ದವು. ಕಮಾನಿನ ಪುಟ್ಟಿಯನ್ನು ಉಳಿಯಿಂದ ಎಬ್ಬಿಸಿದಾಗ ಅರ್ಧ ಇಂಚು ದಪ್ಪದ ಹೆಂಟೆಯೊಂದು ಕಳಚಿ ಬಿತ್ತು. ಅದರ ಬೆನ್ನಿಗೆ ಹಳೆಯ ದಿನಪತ್ರಿಕೆಯ ಚೂರು ಅಂಟಿಕೊಂಡಿತ್ತು! ತೂತಿಗೆ ಕಾಗದ ತುರುಕಿ ಮೇಲೆ ಪುಟ್ಟಿ ಬಳಿದು ಮಾರಿದ ಆ ಮಹಾನುಭಾವ ಯಾರೋ, ಕಾಗದದಲ್ಲಿ ಓದಲು ಸಿಕ್ಕಿದ್ದು ಅಡಿಕೆ ಧಾರಣೆ ಮಾತ್ರ.

ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಮೈಯ ತಗಡೇ ಭಾರ ಹೊರುತ್ತದೆ. ಆದುದರಿಂದ ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿಯೂ ತಳದ ತಗಡೂ ತುಕ್ಕು ಹಿಡಿದಿದ್ದರೆ ಅದನ್ನು ಬರಿಯ ಅಂದದ ಪ್ರಶ್ನೆಯೆಂದು ಬಿಡುವಂತಿಲ್ಲ. ಪಿ.ಬಿ. ರಸ್ತೆಯ ಕಡೆ ಲಾರಿ ಬಾಡಿ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆತಂದೆ. 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟನ್ನು ಅಳತೆಗೆ ಕತ್ತರಿಸಿ, ಗ್ಯಾಸಿನ ಉರಿಯ ಬೆಸುಗೆಯ ಬದಲು, ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವ ಸಿಓಟು ವೆಲ್ಡಿಂಗಿನಲ್ಲಿ ಇಲ್ಲೊಂದು ಚುಕ್ಕೆ, ಗೇಣು ದೂರದಲ್ಲಿ ಇನ್ನೊಂದು ಚುಕ್ಕೆ ಎಂಬಂತೆ ಇಡಬೇಕು, ಒಂದೇ ಓಟಕ್ಕೆ ಎಳೆದರೆ ಕಾವಿಗೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಚುಕ್ಕೆ ಆರುವವರೆಗೆ ಅವರು ಬೀಡಿ ಹಚ್ಚುತ್ತಿದ್ದರು. ಮಗಳು ಅಷ್ಟರಲ್ಲಿ ಮುಂದಿನ ತೇಪೆಗೆ ರಟ್ಟಿನ ಮಾದರಿ ಕತ್ತರಿಸುತ್ತಿದ್ದಳು. ತಗಡಿನ ಕೆಲಸಕ್ಕೇ ಐದು ತಿಂಗಳ ಭಾನುವಾರಗಳು ಹೋದವು. ಈ ಹಂತದಲ್ಲಿ ಅವಸರ ಮಾಡುವವರು ಪೇಂಟಿಗೆ ಹಣ ಹಾಕದಿರುವುದೇ ಲೇಸೆಂದು ನನಗನ್ನಿಸುತ್ತದೆ.

ಎಂಜಿನ್ನಿನ ಕಥೆ ಹೆಚ್ಚಿಗೆ ಹೇಳುವಂಥದ್ದಲ್ಲ. ಪಿಸ್ಟನ್ ಉಂಗುರಗಳು ಅಂಟಿಕೊಂಡಿದ್ದವು. ಪರಿಚಯದ ಮೆಕ್ಯಾನಿಕ್ ಬಿಚ್ಚಿ ಸರಿಮಾಡಿದ. ಅಂಗಡಿಗಳಲ್ಲಿ ಸಿಗದ ಎರಡು ಬುಷ್‌ಗಳನ್ನು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಟರ್ನರ್ ಒಬ್ಬರು ತಮ್ಮ ಮನೆಯ ಲೇತಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಕಡೆದು ಕೊಟ್ಟರು.

ಹಳೆಯ ಬಣ್ಣವನ್ನು ಉಳಿಸಿಕೊಂಡು ಅದರ ಮೇಲೆಯೇ ಹೊಡೆಯಬಹುದೇ ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಬಾನೆಟ್ಟಿನ ಮೇಲೆ ತಿಕ್ಕಿದರೆ ಬಟ್ಟೆಗೆ ಮರೂನ್ ಬಣ್ಣ ಹತ್ತಿತು. ಎಂದರೆ ಅದು ಎನ್.ಸಿ. (ನೈಟ್ರೊಸೆಲ್ಯುಲೋಸ್) ಪೇಂಟು, ಥಿನ್ನರ್ ಆರಿದಾಗ ಒಣಗಿ, ಥಿನ್ನರ್ ತಾಗಿದರೆ ಮತ್ತೆ ಕರಗುವ ಜಾತಿಯದು. ನಾವು ಹೊಡೆಯಬೇಕೆಂದಿದ್ದ ಪಿ.ಯು. (ಪಾಲಿಯುರೆಥೇನ್) ಪೇಂಟು ಹಾರ್ಡನರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವಂಥದ್ದು, ಎನ್.ಸಿ.ಯ ಮೇಲೆ ಹೊಡೆದರೆ ಅದರ ಥಿನ್ನರು ಕೆಳಗಿನ ಪದರವನ್ನು ಕೆದಕಿ ಸುಕ್ಕೆಬ್ಬಿಸುವ ಅಪಾಯವಿದೆ. ಹೀಗಾಗಿ ಬರಿ ಲೋಹ ಕಾಣುವವರೆಗೂ ಕೆರೆದೆವು. 80 ನಂಬರಿನ ಮರಳು ಪೇಪರಿನಿಂದ ತಿಕ್ಕುವಾಗ ಮರೂನಿನ ಅಡಿಯಿಂದ ಬೂದು, ಅದರಡಿಯಿಂದ ಹಾಲುಕೆನೆಯಂತಹ ಬಿಳಿ, ಕೊನೆಗೆ ಕಂಪನಿಯ ಪ್ರೈಮರ್, ಒಂದರೊಳಗೊಂದು ಉಂಗುರಗಳಾಗಿ ಎದ್ದು ಕಂಡವು. ಡ್ಯಾಶ್‌ಬೋರ್ಡಿನ ಹಿಂದೆ ಯಾವ ಪೇಂಟರನ ಸ್ಪ್ರೇ ಗನ್ನೂ ತಲುಪದ ಮೂಲೆಯಲ್ಲಿ ಅದೇ ಬಿಳಿ ಹೊಳೆಯುತ್ತಿತ್ತು. ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಅಲ್ಲಿಯೂ ಬಿಳಿ ಎಂದೇ ಬರೆದಿತ್ತು. ಮರೂನ್ ಮಾಡಿಸಿದವರು ಆರ್‌ಟಿಒ ಕಚೇರಿಯಲ್ಲಿ ಅದನ್ನು ದಾಖಲಿಸುವ ಗೋಜಿಗೇ ಹೋಗಿರಲಿಲ್ಲ.

ಮಗಳಿಗೆ ಕಪ್ಪು ಬೇಕಿತ್ತು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಎರಡು ವಾರ ಜಗಳವಾಯಿತೆಂದೇ ಹೇಳಬೇಕು. ನನ್ನ ವಾದ ದಾಖಲೆಯದ್ದಷ್ಟೇ ಆಗಿರಲಿಲ್ಲ. ಕಪ್ಪು ಬಣ್ಣ ಕನ್ನಡಿಯಿದ್ದಂತೆ, ತಗಡಿನ ಒಂದೊಂದು ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ, ಮೊದಲ ಬಾರಿಗೆ ಪುಟ್ಟಿ ಎಳೆಯುತ್ತಿರುವ ನಮ್ಮಂಥವರ ಮರ್ಯಾದೆ ಉಳಿಸುವುದು ಬಿಳಿಯೇ ಎಂದೆ. ಕೊನೆಗೆ ಒಪ್ಪಿದಳು, ಬಂಪರು ಮತ್ತು ಗ್ರಿಲ್ ಮಾತ್ರ ಕಪ್ಪಿರಬೇಕೆಂಬ ಷರತ್ತಿನೊಡನೆ. ಬಣ್ಣ ಹೊಂದಿಸಲು ಪೇಂಟ್ ಅಂಗಡಿಗೆ ಮೊಬೈಲಿನ ಫೋಟೋ ಒಯ್ಯದೆ, ಡಿಕ್ಕಿಯ ಒಳಗಿದ್ದ ಮೂಲಬಣ್ಣದ ಮುಚ್ಚಳವೊಂದನ್ನೇ ಬಿಚ್ಚಿ ಒಯ್ದೆವು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೂ ಹೊರಗಿನ ಬಿಸಿಲಿನಲ್ಲೂ ಎರಡೂ ಕಡೆ ಹಿಡಿದು ಹೋಲಿಸಿದ ಮೇಲೆಯೇ ಹಣ ಕೊಟ್ಟೆವು.

ಬರಿ ಲೋಹಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಆಮೇಲೆ ಬೇಕಾದಲ್ಲಿ ತೆಳುವಾಗಿ ಪುಟ್ಟಿ, ಅದರ ಮೇಲೆ ಮೈಯನ್ನು ನುಣುಪಾಗಿಸುವ ಸರ್ಫೇಸರ್ ಎಂಬ ಪದರ. ಸರ್ಫೇಸರ್ ಒಣಗಿದ ಮೇಲೆ ಕಪ್ಪು ಬಣ್ಣವನ್ನು ಹಿಮದಂತೆ ತೆಳ್ಳಗೆ ಉದುರಿಸಿ, ಮರದ ಪಟ್ಟಿಗೆ ಸುತ್ತಿದ 320 ನಂಬರಿನ ಪೇಪರಿನಿಂದ ಅಡ್ಡಡ್ಡ ತಿಕ್ಕುತ್ತಿದ್ದೆವು. ಉಬ್ಬಿದ್ದ ಕಡೆ ಕಪ್ಪು ಹೋಗುತ್ತದೆ, ತಗ್ಗಿದ್ದ ಕಡೆ ಉಳಿಯುತ್ತದೆ. ಉಳಿದದ್ದಕ್ಕೆ ಮತ್ತೆ ಪುಟ್ಟಿ. ನನ್ನ ಕಣ್ಣಿಗೆ ಸಪಾಟಾಗಿ ಕಂಡ ಎಡ ಬಾಗಿಲಿನ ಮೇಲೆ ಮಗಳು ಹಳೆಯ ಪಂಚೆಯ ತುಂಡನ್ನು ಹಾಸಿ, ಕಣ್ಣು ಮುಚ್ಚಿ, ಇಡೀ ಅಂಗೈಯನ್ನು ಬಾಗಿಲಿನುದ್ದಕ್ಕೂ ನಿಧಾನವಾಗಿ ಎಳೆದಳು. ಹಿಡಿಕೆಯಿಂದ ಒಂದು ಗೇಣು ಕೆಳಗೆ ಕೈ ನಿಂತಿತು. “ಇಲ್ಲಿ ಕೈ ಇಟ್ಟು ನೋಡು ಅಪ್ಪಾಜಿ, ಇಳಿಯುತ್ತೆ.” ಬರಿಗೈಯಲ್ಲಿ ನನಗೇನೂ ತಿಳಿಯಲಿಲ್ಲ, ಬಟ್ಟೆಯ ಮೇಲಿನಿಂದ ಆಡಿಸಿದಾಗ, ರಸ್ತೆಯ ಹಂಪಿನಿಂದ ಇಳಿದಂತೆ ಒಂದು ಸಣ್ಣ ಜಾರು ಸಿಕ್ಕಿತು. ಇಪ್ಪತ್ತೆರಡು ವರ್ಷ ತಾಮ್ರದ ತಂತಿ ಎಳೆದು ಜಡ್ಡುಗಟ್ಟಿದ ಬೆರಳುಗಳನ್ನು ಆ ಕೆಲಸಕ್ಕೆ ನೆಚ್ಚಬಾರದೆಂದು ಅಂದಿನಿಂದ ಕೈಪರೀಕ್ಷೆಯನ್ನು ಅವಳಿಗೇ ಬಿಟ್ಟೆ.

ಇಡೀ ಕಾರಿಗೆ ಕೈ ಹಾಕುವ ಮುಂಚೆ ಡಿಕ್ಕಿಯ ಬಾಗಿಲೊಂದನ್ನೇ ಬಿಚ್ಚಿ ಬಣ್ಣ ಹೊಡೆದು ನೋಡಿದ್ದು ಒಳ್ಳೆಯದಾಯಿತು. ಗನ್ ಆಡಿಸಿ ಅರೆನಿಮಿಷದಲ್ಲಿ ಬಣ್ಣ ಅಲ್ಲಲ್ಲಿ ಹಿಂಜರಿದು, ಸಿಡುಬಿನ ಕಲೆಯಂತಹ ದುಂಡನೆಯ ಗುಳಿಗಳು ಬಾಯ್ದೆರೆದವು. ಮೇಸ್ತ್ರಿ ಬಂದು ನೋಡಿ, “ಯಜಮಾನ್ರೇ, ಎಣ್ಣೆ ಐತಿ” ಎಂದಷ್ಟೇ ಹೇಳಿ ಹೋದರು. ಗನ್ನಿಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರಿನ ಮೇಲೆ ಗುಮಾನಿ ಪಟ್ಟು, ಗನ್ನಿನ ಬರಿ ಗಾಳಿಯನ್ನು ಕನ್ನಡಿಯ ಮೇಲೆ ಎರಡು ನಿಮಿಷ ಊದಿದೆವು. ತೇವದ ಮಬ್ಬು ಕಂಡಿತೇ ಹೊರತು ಎಣ್ಣೆ ಕಾಣಲಿಲ್ಲ. ನೀರು ತಡೆಯುವ ಫಿಲ್ಟರ್ ಹಾಕಿದರೂ ಗುಳಿ ನಿಲ್ಲಲಿಲ್ಲ. ಕಾರಣ ನನ್ನ ಕಸುಬೇ ಆಗಿತ್ತು. ಪಂಪಿನ ರಬ್ಬರ್ ಸೀಲುಗಳಿಗೆ ನಾನು ಹಚ್ಚುವ ಸಿಲಿಕಾನ್ ಗ್ರೀಸು, ಸ್ಪ್ರೇ ಎಲ್ಲ ಅದೇ ಶೆಡ್ಡಿನ ಬೆಂಚಿನ ಮೇಲಿದ್ದವು, ಅದೇ ಒರೆಸುವ ಬಟ್ಟೆ ಎರಡೂ ಕೆಲಸಕ್ಕೆ ಓಡಾಡುತ್ತಿತ್ತು. ಸಿಲಿಕಾನಿನ ಅಂಶ ಕಣ್ಣಿಗೆ ಕಾಣದಷ್ಟು ಇದ್ದರೂ ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಗ್ರೀಸನ್ನೆಲ್ಲ ಮುಂದಿನ ಅಂಗಡಿಗೆ ಸಾಗಿಸಿ, ಶೆಡ್ಡು ತೊಳೆದು, ಹೊಸ ಬಟ್ಟೆ ತಂದು, ಡಿಕ್ಕಿಯನ್ನು ಮತ್ತೆ ಕೆರೆದು, ಜಿಡ್ಡು ತೆಗೆಯುವ ದ್ರಾವಣದಿಂದ ಒಂದು ಬಟ್ಟೆಯಲ್ಲಿ ಒರೆಸಿ ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ತೆಗೆದ ಮೇಲೆ ಗುಳಿಗಳು ಬರಲಿಲ್ಲ.

ನಮ್ಮೂರಿನಲ್ಲಿ ಬಯಲಿಗೆ ಹತ್ತಿರದ ಶೆಡ್ಡಿನೊಳಗೆ ಬಣ್ಣ ಹೊಡೆಯಲು ಕಾಲ ನೋಡಿಕೊಳ್ಳಬೇಕು. ದೀಪಾವಳಿಯ ಸುತ್ತಮುತ್ತ ಮೆಕ್ಕೆಜೋಳದ ಒಕ್ಕಣೆ, ಗಾಳಿಯ ತುಂಬ ಹೊಟ್ಟು, ಆಷಾಢದಲ್ಲಿ ಬಿರುಗಾಳಿ, ಬೇಸಗೆಯ ಮಧ್ಯಾಹ್ನವಾದರೆ ಹನಿ ತಗಡಿಗೆ ತಲುಪುವ ಮೊದಲೇ ಥಿನ್ನರ್ ಹಾರಿ, ಬಣ್ಣ ರವೆ ಉದುರಿಸಿದಂತೆ ಒರಟಾಗಿ ಕೂರುತ್ತದೆ. ಇವೆಲ್ಲ ಸಾಲದೆಂಬಂತೆ ಗಾಳಿ ಮಂಡಕ್ಕಿ ಭಟ್ಟಿಗಳ ಕಡೆಯಿಂದ ತಿರುಗಿದ ದಿನ ಅಂಗಳದಲ್ಲಿ ಒಣಹಾಕಿದ ಬಟ್ಟೆಗೂ ಮಸಿ. ಬಿಳಿ ಕಾರಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಬೆಳಗಿನ ಏಳಕ್ಕೆ ಶುರುಮಾಡುವುದೆಂದು ನಿರ್ಧರಿಸಿದೆವು. ಹಿಂದಿನ ದಿನವೇ ಶೆಡ್ಡಿನೊಳಗೆ ಪ್ಲಾಸ್ಟಿಕ್ ಹಾಳೆಯ ಡೇರೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಸುತ್ತಲೂ ಒದ್ದೆ ಗೋಣಿಚೀಲ ಇಳಿಬಿಟ್ಟೆವು.

ಪಿ.ಯು. ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ಪದಾರ್ಥವಿದೆ. ಸಿಂಪಡಿಸಿದಾಗ ಅದರ ಮಂಜು ಉಸಿರಿನೊಡನೆ ಒಳಗೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು, ವಾಸನೆ ಬರಲಿಲ್ಲವೆಂದು ಧೈರ್ಯ ತಾಳುವಂತೆಯೂ ಇಲ್ಲ. ಮೂಗಿಗೆ ಕರವಸ್ತ್ರ ಕಟ್ಟಿ ಹೊಡೆಯುವ ಹುಡುಗರನ್ನು ನೋಡಿದಾಗ ನನಗೆ ಹೊಟ್ಟೆ ಕಲಕುತ್ತದೆ. ಬಾಡಿಗೆಗೆ ತಂದ, ಹೊರಗಿನ ಶುದ್ಧಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಒಂದೇ ಇದ್ದುದರಿಂದ, ಹಾಗೂ ಅವಳಿನ್ನೂ ಹದಿನೇಳರವಳಾದ್ದರಿಂದ, ಡೇರೆಯೊಳಗೆ ನಾನೊಬ್ಬನೇ ಹೋದೆ. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಶೆಡ್ಡಿನ ಆಚೆ ಕಿಟಕಿಯ ಗಾಜಿನ ಹಿಂದೆ ನಿಂತು, ಓರೆಯಾಗಿ ಬೆಳಕು ಬೀಳುವಂತೆ ಫೋಕಸ್ ಲೈಟ್ ಹಿಡಿದು, ನಾನು ಬಿಟ್ಟ ಜಾಗ ಕಂಡರೆ ಗಾಜಿಗೆ ಒಂದು ತಟ್ಟು, ಬಣ್ಣ ಹೆಚ್ಚಾದರೆ ಎರಡು ತಟ್ಟು ಎಂಬ ಒಪ್ಪಂದ ಮಾಡಿಕೊಂಡೆವು.

ಡಬ್ಬಿಯ ಮೇಲೆ ಬರೆದಿದ್ದಂತೆ ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡನರ್. ಗನ್ನಿಗೆ 1.4 ಮಿ.ಮೀ. ನಾಝಲ್. ತಗಡಿನಿಂದ ಒಂದು ಗೇಣು ದೂರ, ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ, ಮಣಿಕಟ್ಟು ತಿರುಗಿಸದೆ ಮೈಯನ್ನೇ ಸರಿಸುತ್ತಾ ಹೋಗಬೇಕು. ಮೊದಲು ಟಾಪು, ಆಮೇಲೆ ಬಾನೆಟ್ಟು, ಆಮೇಲೆ ಬಗಲುಗಳು. ಮೊದಲ ಕೋಟು ತೆಳುವಾಗಿ ಹಾಕಿ ಹದಿನೈದು ನಿಮಿಷ ಬಿಟ್ಟು, ಎರಡನೆಯದನ್ನು ಒದ್ದೆಯಾಗಿ ಹಾಕುತ್ತಿದ್ದಾಗ, ಬಾನೆಟ್ಟಿನ ನಡುಮಧ್ಯದಲ್ಲಿ ಕರೆಂಟು ಹೋಯಿತು. ಗಾಳಿಯ ಕೊಳವೆಯೂ ಕರೆಂಟಿನದೇ ಆದ್ದರಿಂದ ಗನ್ ಕೆಳಗಿಟ್ಟು ಹೊರಗೋಡಿ ಬಂದೆ. ಇಪ್ಪತ್ತು ನಿಮಿಷವಾದ ಮೇಲೆ ಬೆಳಕು ಬಂತು. ಅಷ್ಟರಲ್ಲಿ ಒದ್ದೆ ಅಂಚು ಆರಿ, ಬಾನೆಟ್ಟಿನ ಮೇಲೆ ನಕಾಶೆಯ ಗಡಿಯಂತೆ ಗೆರೆ ಮೂಡಿತ್ತು. ಗಾಬರಿಯಲ್ಲಿ ಅದರ ಮೇಲೆ ಹೆಚ್ಚು ಬಣ್ಣ ಸುರಿಯಲು ಹೋಗುತ್ತಿದ್ದವನನ್ನು ಗಾಜಿನ ಎರಡು ತಟ್ಟು ತಡೆಯಿತು. ಬಾನೆಟ್ಟನ್ನು ಅಷ್ಟಕ್ಕೇ ಬಿಟ್ಟು, ವಾರದ ನಂತರ 600 ನಂಬರಿನ ಪೇಪರಿನಲ್ಲಿ ತಿಕ್ಕಿ, ಅದೊಂದನ್ನೇ ಮತ್ತೆ ಹೊಡೆದೆವು.

ಉಜ್ಜಿ ಹೊಳಪು ತರುವ ಕೆಲಸ ಪೂರ್ತಿ ಅವಳದ್ದು. ನೀರಿನಲ್ಲಿ ನೆನೆಸಿದ 1500, ಆಮೇಲೆ 2000 ನಂಬರಿನ ಪೇಪರು, ಕಡೆಗೆ ಕಾಂಪೌಂಡ್ ಎಂಬ ಪಾಲಿಶ್ ಲೇಪ. ಅಂಚುಗಳಲ್ಲಿ ಬಣ್ಣ ತೆಳ್ಳಗಿರುವುದರಿಂದ ಅಲ್ಲೆಲ್ಲ ಮಾಸ್ಕಿಂಗ್ ಟೇಪು ಅಂಟಿಸಿಕೊಂಡೇ ತಿಕ್ಕುತ್ತಿದ್ದಳು. ಬಲ ಹಿಂಬಾಗಿಲಿನ ಹಿಡಿಕೆಯ ಕೆಳಗೆ ಕಣ್ಣೀರಿನಂತೆ ಇಳಿದ ಒಂದು ಹನಿ ಮಾತ್ರ ಉಳಿಯಿತು. ತೆಗೆಯಲು ಹೋದರೆ ಪ್ರೈಮರ್ ಕಾಣುತ್ತದೆಂದು ಅದನ್ನು ಮುಟ್ಟಲಿಲ್ಲ. ಅಂಗಡಿಗೆ ಬಂದವರೆಲ್ಲರಿಗೂ ಅವಳೇ ಬೆರಳು ಮಾಡಿ ಆ ಹನಿ ತೋರಿಸಿ, “ಇದು ಅಪ್ಪಾಜಿದು” ಎನ್ನುತ್ತಾಳೆ.

ಕಾರಿನ ಬೆಲೆ ಬಿಟ್ಟು ಒಟ್ಟು ಖರ್ಚು ಎರಡೂಕಾಲು ಲಕ್ಷ ದಾಟಿತು. ಅದರಲ್ಲಿ ಬಣ್ಣ, ಥಿನ್ನರು, ಪೇಪರುಗಳ ಪಾಲು ನಲವತ್ತು ಸಾವಿರವಷ್ಟೇ, ಉಳಿದದ್ದೆಲ್ಲ ತಗಡು ಮತ್ತು ಎಂಜಿನ್ ತಿಂದದ್ದು. ಕೇಂದ್ರದ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ತುಂಬಬೇಕಾದ್ದರಿಂದ ಇದಕ್ಕೆ ಆ ರಿಯಾಯಿತಿಯಿಲ್ಲ. ಎಲ್ಲ ಹಳೆಯ ಕಾರುಗಳಂತೆ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ ಆರ್‌ಸಿ ನವೀಕರಿಸಿಕೊಂಡೆವು. ಬಣ್ಣದ ಕಾಲಮ್ಮಿನಲ್ಲಿ ತಿದ್ದುವುದೇನೂ ಇರಲಿಲ್ಲ.

ಮೊದಲ ದೂರದ ಓಟಕ್ಕೆ ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೆ ಹೋದೆವು, ಅರವತ್ತು ಕಿಲೋಮೀಟರು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವಲ್ಲಿಗೆ ಅಕಾಲದ ಮಳೆ ಹನಿಯತೊಡಗಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ, ವೈಪರು ಸಹ ಆಡಿತು. ಆದರೆ ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ, “ರೀ, ನನ್ನ ಕತ್ತಿಗೆ ನೀರು ಬೀಳ್ತೈತಿ” ಎಂದಳು. ಹಣ ಉಳಿಸಲು ಹಿಂದಿನ ಗಾಜಿನ ಸುತ್ತ ನೀರು ತಡೆಯುವ ಹಳೆಯ ಬೀಡಿಂಗ್ ರಬ್ಬರನ್ನೇ ತೊಳೆದು ಹಾಕಿದ್ದೆ. ಮಗಳು ಹಿಂದೆ ತಿರುಗಿ ನೋಡಿ, ಡೈರಿ ತೆಗೆದು, ಮುಂದಿನ ಭಾನುವಾರದ ಕೆಳಗೆ ಬರೆದುಕೊಂಡಳು: ಹಿಂದಿನ ಗಾಜು ಬಿಚ್ಚುವುದು.