ಮನೆ ಸ್ಟುಡಿಯೋಗೆ ಮೊದಲ ಹೆಡ್‌ಫೋನ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ

ಅಂಗಡಿಗೆ ಹೋಗುವ ಮೊದಲೇ ಒಂದು ತೀರ್ಮಾನ ಆಗಬೇಕು: ಹೆಡ್‌ಫೋನ್ ಹಾಕಿಕೊಂಡು ಮೈಕ್ ಮುಂದೆ ಹಾಡುತ್ತೀರೋ, ಇಲ್ಲ ಹಾಡಿದ್ದನ್ನು ಆಮೇಲೆ ಕೂತು ಮಿಕ್ಸ್ ಮಾಡುತ್ತೀರೋ (ದನಿ, ವಾದ್ಯಗಳ ಮಟ್ಟ ಹೊಂದಿಸಿ ಬೆರೆಸುತ್ತೀರೋ)? ಎರಡೂ ಕೆಲಸಕ್ಕೆ ಒಂದೇ ಹೆಡ್‌ಫೋನ್ ಅಂದರೆ ಕಪ್‌ನ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ತಗೊಳ್ಳಿ. ಹಿಂಬದಿ ತೆರೆದಿರುವ ಓಪನ್ ಬ್ಯಾಕ್‌ನಲ್ಲಿ ದನಿ ಹರವಾಗಿ, ಸಹಜವಾಗಿ ಕೇಳುತ್ತದೆ, ಮಿಕ್ಸಿಂಗ್‌ಗೆ ಅದೇ ಮೇಲು. ಆದರೆ ಒಳಗಿನ ಸದ್ದು ಧಾರಾಳವಾಗಿ ಹೊರಗೂ ಹರಿಯುತ್ತದೆ. ತಾಳ ತಪ್ಪದಿರಲೆಂದು ಹಾಡುವವರ ಕಿವಿಗೆ ಕೊಡುವ ಕ್ಲಿಕ್ ಸದ್ದು, ಸೂಕ್ಷ್ಮವಾದ ಕಂಡೆನ್ಸರ್ ಮೈಕ್‌ಗೆ ಬಿದ್ದು, ಮೆಲುದನಿಯ ಸಾಲುಗಳ ನಡುವೆ ಟಿಕ್ ಟಿಕ್ ಎಂದು ಕೂತುಬಿಡುತ್ತದೆ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿದಷ್ಟೂ ಅದು ಮೇಲೇಳುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಹೇಗೋ ಮಿಕ್ಸ್ ಮಾಡಬಹುದು, ಸದ್ದು ಸೋರಿ ಕೆಟ್ಟ ಟೇಕ್ ಮಾತ್ರ ಮತ್ತೆ ಹಾಡಿಸಬೇಕಾಗುತ್ತದೆ. ಎಕೆಜಿ ಕೆ240 ಥರದ ಸೆಮಿ ಓಪನ್‌ಗಳನ್ನೂ ಈ ಲೆಕ್ಕದಲ್ಲಿ ಓಪನ್ ಗುಂಪಿಗೇ ಸೇರಿಸಿ.

ಬ್ಲೂಟೂತ್ ಬೇಡವೇ ಬೇಡ. ಅದರಲ್ಲಿ 100 ಮಿಲಿಸೆಕೆಂಡ್ ತಡ ಸಾಮಾನ್ಯ. ತಮ್ಮ ದನಿ 10-15 ಮಿಲಿಸೆಕೆಂಡ್ ತಡವಾಗಿ ಕೇಳಿದರೇ ಎಷ್ಟೋ ಜನರಿಗೆ ಹಾಡಲು ಕಿರಿಕಿರಿ.

ಡಬ್ಬಿಯ ಮೇಲಿನ 20ರಿಂದ 20,000 ಹರ್ಟ್ಸ್ ಎಂಬ ಸಾಲನ್ನು ನಂಬಿ ಕೊಳ್ಳಬೇಡಿ. ಆ ಹರವಿನೊಳಗೆ ದನಿ ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂದು ಹೇಳದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು). ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಬಂದಿದೆ. ಒಂದು ಮಿಲಿವ್ಯಾಟ್‌ಗೆ 96 ಡೆಸಿಬೆಲ್ ಕೊಡುವ ಎರಡು ಹೆಡ್‌ಫೋನ್‌ಗಳಿಗೆ ಒಂದೊಂದು ವೋಲ್ಟ್ ಕೊಟ್ಟರೆ, 32 ಓಮ್‌ನದು ಸುಮಾರು 111 ಡೆಸಿಬೆಲ್ ಮುಟ್ಟುತ್ತದೆ, 250 ಓಮ್‌ನದು 102ರಲ್ಲೇ ನಿಲ್ಲುತ್ತದೆ. ಯುಎಸ್‌ಬಿ ಕರೆಂಟಿನಲ್ಲೇ ಓಡುವ ಸಣ್ಣ ಇಂಟರ್‌ಫೇಸ್‌ಗೆ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) 250 ಓಮ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸಾಲದು ಎನ್ನುವುದು ಇದಕ್ಕೇ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್‌ಗೆ ಬರೆಯುತ್ತವೆ, ಕೆಲವು ವೋಲ್ಟ್‌ಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹಾಗೆಂದು ಓಮ್ ತೀರಾ ಕಡಿಮೆಯೂ ಆಗಬಾರದು. ಇಂಟರ್‌ಫೇಸ್‌ನ ಹೆಡ್‌ಫೋನ್ ಔಟ್‌ಪುಟ್‌ಗೂ ತನ್ನದೇ ಓಮ್ ಇರುತ್ತದೆ. ಹೆಡ್‌ಫೋನ್‌ನದು ಅದರ ಎಂಟು ಪಟ್ಟಾದರೂ ಇರಲಿ ಎಂಬುದು ರೂಢಿಯ ಲೆಕ್ಕ. ಔಟ್‌ಪುಟ್ 10 ಓಮ್ ಇದ್ದರೆ ಹೆಡ್‌ಫೋನ್ 80. ಕಡಿಮೆಯಾದರೆ ಕೆಲವು ಹೆಡ್‌ಫೋನ್‌ಗಳಲ್ಲಿ ಬೇಸ್ ಉಬ್ಬಿ ಕೇಳುತ್ತದೆ, ನೀವು ಮಿಕ್ಸ್‌ನಲ್ಲಿ ಅದನ್ನು ಸುಮ್ಮನೆ ಕತ್ತರಿಸುತ್ತೀರಿ. ಒಟ್ಟಿನಲ್ಲಿ 35ರಿಂದ 80ರ ನಡುವಿನದು ಹೆಚ್ಚಿನ ಮನೆ ಸ್ಟುಡಿಯೋಗಳಿಗೆ ಹೊಂದುತ್ತದೆ: ಆಡಿಯೋ ಟೆಕ್ನಿಕಾ ಎಂ40ಎಕ್ಸ್ 35 ಓಮ್, ಸೋನಿ ಎಂಡಿಆರ್ 7506 63, ಸೆನ್‌ಹೈಸರ್ ಎಚ್‌ಡಿ 280 ಪ್ರೊ 64.

ಕೇಬಲ್ ಬಿಚ್ಚಿ ಬದಲಿಸಲು ಬರುತ್ತದೆಯೇ ನೋಡಿ. ಕುರ್ಚಿಯ ಚಕ್ರಕ್ಕೆ ಸಿಕ್ಕಿ ಮೊದಲು ಸಾಯುವುದು ಅದೇ. ಎಂ40ಎಕ್ಸ್‌ನದು ಬಿಚ್ಚಬಹುದು, ಆದರೆ ಕಪ್‌ನ ಕಡೆ ತಿರುಗಿಸಿ ಬಿಗಿಸುವ 2.5 ಮಿಲಿಮೀಟರ್ ಪಿನ್ ಇದೆ. ಸಿಕ್ಕಿದ ಕೇಬಲ್ ಕೂರುವುದಿಲ್ಲ. 7506ರದು ಬಿಚ್ಚಲು ಬಾರದು, ಹೋದರೆ ಬೆಸುಗೆ ಹಾಕಿಸಬೇಕು.

ಮನೆಗೆ ತಂದ ದಿನವೇ, ವಾಪಸು ಕೊಡುವ ಗಡುವು ಮುಗಿಯುವ ಮೊದಲು, ಪರೀಕ್ಷೆ ಮಾಡಿ. 50 ಹರ್ಟ್ಸ್ ಸೈನ್ ಟೋನ್ (ಒಂದೇ ಸಮನೆಯ ತಗ್ಗು ದನಿ) ಮೆಲ್ಲಗೆ ಹಾಕಿ, ಕಪ್‌ಗಳನ್ನು ಅಂಗೈಯಿಂದ ಹಗುರವಾಗಿ ಒತ್ತಿ. ಒತ್ತಿದಾಗ ಬೇಸ್ ಥಟ್ಟನೆ ಹೆಚ್ಚಾದರೆ ಪ್ಯಾಡ್ ನಿಮ್ಮ ಕೆನ್ನೆಗೆ ಸರಿಯಾಗಿ ಕೂತಿಲ್ಲ. ಕನ್ನಡಕದ ಕಡ್ಡಿಯೋ, ಕೂದಲೋ ಸಂದು ಬಿಡಿಸಿದೆ. ಅದೇ ಸಂದಿನಿಂದ ಕ್ಲಿಕ್ ಕೂಡ ಸೋರುತ್ತದೆ. ಕನ್ನಡಕ ಹಾಕುವವರು ಹಾಕಿಕೊಂಡೇ ಪರೀಕ್ಷಿಸಿ. ಆಮೇಲೆ ಮೊನೊ ಪಿಂಕ್ ನಾಯ್ಸ್ (ಎರಡೂ ಕಿವಿಗೆ ಒಂದೇ ಆಗಿ ಬರುವ, ಜಲಪಾತದಂಥ ಸದ್ದು) ಹಾಕಿ: ಸದ್ದು ಹಣೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಹೆಡ್‌ಫೋನ್ ತಿರುಗಿಸಿ ಹಾಕಿಕೊಳ್ಳಿ. ವಾಲಿದ ದಿಕ್ಕೂ ತಿರುಗಿದರೆ ದೋಷ ಹೆಡ್‌ಫೋನಿನದೋ ಔಟ್‌ಪುಟ್‌ನದೋ, ತಿರುಗದಿದ್ದರೆ ಕಿವಿಯದು. 20 ಹರ್ಟ್ಸ್‌ನಿಂದ ಮೇಲಕ್ಕೆ ಸ್ವೀಪ್ (ಮೆಲ್ಲಗೆ ಏರುತ್ತ ಹೋಗುವ ದನಿ) ಓಡಿಸುವಾಗ ಗರಗರ ಸದ್ದು ಬಂದರೆ ಒಳಗೆ ಅದುರುವ ಪೊರೆಗೆ, ಅಂದರೆ ಡಯಾಫ್ರಮ್‌ಗೆ, ಕೂದಲು ತಾಗುತ್ತಿರಬಹುದು. ಕೊನೆಗೆ ಕ್ಲಿಕ್ ಹಾಕಿ, ಮೈಕ್‌ನಿಂದ 15 ಸೆಂಟಿಮೀಟರ್ ದೂರ ಬಾಯಿ ಮುಚ್ಚಿ ನಿಂತು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಹಾಡಿನ ರೆಕಾರ್ಡಿಂಗನ್ನು ಎಷ್ಟು ಏರಿಸುತ್ತೀರೋ ಇದನ್ನೂ ಅಷ್ಟೇ ಏರಿಸಿ ಕೇಳಿದರೆ ಸೋರಿಕೆ ಎಷ್ಟೆಂದು ಗೊತ್ತಾಗುತ್ತದೆ.

ಹಾಡು ಕೇಳುವಾಗ ನಡುವಿನ ಗಾಯನ ಮಾತ್ರ ಮಾಯವಾಗಿ ಉಳಿದ ವಾದ್ಯಗಳು ಟೊಳ್ಳಾಗಿ ಕೇಳಿದರೆ ಹೆಡ್‌ಫೋನ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಪಿನ್ ಪೂರ್ತಿ ಒಳಗೆ ಹೋಗಿಲ್ಲ, ಇಲ್ಲವೇ 6.35 ಮಿಲಿಮೀಟರ್ ಅಡಾಪ್ಟರ್ ಸಡಿಲವಾಗಿದೆ. ಎರಡೂ ಕಿವಿಗೆ ಸೇರಿ ಇರುವ ಗ್ರೌಂಡ್ ತಂತಿಯ ಸಂಪರ್ಕ ತಪ್ಪಿದಾಗ ಎಡಬಲಗಳ ನಡುವಿನ ವ್ಯತ್ಯಾಸವಷ್ಟೇ ಕೇಳುತ್ತದೆ, ಎರಡರಲ್ಲೂ ಸಮನಾಗಿರುವ ಗಾಯನ ಅಳಿಸಿಹೋಗುತ್ತದೆ.

ವಾಲ್ಯೂಮ್ ವಿಷಯದಲ್ಲಿ ಉದಾಸೀನ ಮಾಡಬೇಡಿ. ಕೆಲಸದ ಜಾಗಕ್ಕೆ ಹೇಳುವ ಮಿತಿಯೇ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ.

ರೆಕ್ಸಿನ್ ಥರದ ಪ್ಯಾಡ್ ಸಿಪ್ಪೆ ಸುಲಿಯತೊಡಗಿದರೆ ತಡ ಮಾಡದೆ ಬದಲಿಸಿ, ಆದಷ್ಟೂ ಅದೇ ಮಾದರಿಯದನ್ನೇ ಹಾಕಿ. ಮೆತ್ತಗಿದೆ ಎಂದು ವೆಲ್ವೆಟ್‌ನಂಥದ್ದನ್ನು ಹಾಕಿದರೆ ಗಾಳಿ ಸೋರಿ ಬೇಸ್ ಇಳಿಯುತ್ತದೆ, ಇಷ್ಟು ದಿನ ಕಿವಿಗೆ ರೂಢಿಯಾದ ದನಿಯೇ ಬದಲಾಗುತ್ತದೆ.