ಮಗಳ ಫಿಟ್ಸಿಗೆ ಕೀಟೋ ಪಥ್ಯ: ತಕ್ಕಡಿ ಹಿಡಿದ ಅಪ್ಪನ ಅನುಭವ

ಹೋದ ತಿಂಗಳು ಬದಿಯಡ್ಕದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಎರಡೂವರೆ ವರ್ಷದ ಮಗನಿಗೆ ಫಿಟ್ಸ್, ಮೂರು ಮದ್ದು ಕೊಟ್ಟರೂ ನಿಂತಿಲ್ಲ, ಮೊಬೈಲಿನಲ್ಲಿ ಕೀಟೋ, ಅಂದರೆ ಪಿಷ್ಟ ತೀರಾ ಕಮ್ಮಿ ಮಾಡಿ ಕೊಬ್ಬು ಜಾಸ್ತಿ ಕೊಡುವ ಪಥ್ಯದ ಬಗ್ಗೆ ನೋಡಿ ನಾಲ್ಕು ದಿನದಿಂದ ಅನ್ನ ನಿಲ್ಲಿಸಿ ತುಪ್ಪ, ತೆಂಗಿನೆಣ್ಣೆ ಕೊಡ್ತಾ ಇದ್ದೇವೆ, ನೀವು ಮಗಳಿಗೆ ಹೇಗೆ ಮಾಡಿದ್ದು ಅಂತ ಕೇಳಿದರು. ಪರೀಕ್ಷೆ ಯಾವುದಾದರೂ ಆಗಿದೆಯಾ ಅಂದೆ. ಇಲ್ಲ, ಅದು ಬರೀ ಊಟ ಅಲ್ವಾ ಅಂದರು. ಫೋನ್ ಇಡುವ ಮೊದಲು ಅವರಿಂದ ಒಂದು ಮಾತು ತೆಗೆದುಕೊಂಡೆ: ಇವತ್ತೇ ಮಗುವಿನ ಡಾಕ್ಟರಿಗೆ ವಿಷಯ ಹೇಳುತ್ತೇನೆ, ಪರೀಕ್ಷೆ ಆಗದೆ ಮುಂದುವರಿಸುವುದಿಲ್ಲ ಅಂತ. ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಕೇರಳದ ಗಡಿಯಲ್ಲಿರುವ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು. ಹೆಂಡತಿ ಬೆಳಗ್ಗೆ ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ, ಹಾಗಾಗಿ ಮಗಳ ಪಥ್ಯದ ತಕ್ಕಡಿ ನನ್ನ ಕೈಗೆ ಬಂತು. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಅವಳು ತಿಂದ ಒಂದೊಂದು ತುತ್ತನ್ನೂ ತೂಗಿದ್ದೇನೆ.

ಮಗಳಿಗೆ ಎರಡು ವರ್ಷ ಎಂಟು ತಿಂಗಳು ಇದ್ದಾಗ ಶುರುವಾದದ್ದು. ಅಂಗಳದಲ್ಲಿ ಆಡುತ್ತಿದ್ದವಳು ಏನೂ ಇಲ್ಲದೆ ದಡ್ ಅಂತ ಬೀಳುತ್ತಿದ್ದಳು, ಮರುಕ್ಷಣ ಎದ್ದು ಮತ್ತೆ ಓಡುತ್ತಿದ್ದಳು. ಎಡವಿದ್ದು ಅಂದುಕೊಂಡೆವು. ಒಂದು ವಾರದಲ್ಲಿ ಗಲ್ಲ ಒಡೆಯಿತು, ಹಲ್ಲು ಮುರಿಯಿತು. ನಮ್ಮ ಕಡೆ ಮಗುವಿಗೆ ಇಂಥದ್ದೇನಾದರೂ ಆದರೆ ಜನ ಮೊದಲು ಕೇಳುವುದು ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ವಿಷಯ. ಅದನ್ನು ಕೇಳಿ ಕೇಳಿಯೇ ನಾವು ಅರ್ಧ ಸತ್ತಿದ್ದೆವು. ಮಂಗಳೂರಿನಲ್ಲಿ ಮೆದುಳಿನ ವಿದ್ಯುತ್ ನೋಡುವ ಇಇಜಿ ಪರೀಕ್ಷೆ ಮಾಡಿ ಡೂಸ್ ಸಿಂಡ್ರೋಮ್ ಅಂದರು. ಸಣ್ಣ ಮಕ್ಕಳಲ್ಲಿ ಬರುವ, ಮೈ ಜರ್ರನೆ ಅದುರಿ ಶಕ್ತಿ ಹೋಗಿ ಬೀಳುವ ಒಂದು ಬಗೆಯ ಅಪಸ್ಮಾರ ಅದು. ವಾಲ್ಪ್ರೋಯೇಟ್ ಕೊಟ್ಟರು, ಆಮೇಲೆ ಲೆವೆಟಿರಾಸಿಟಮ್, ಕ್ಲೋಬಜಾಮ್. ಬೀಳುವುದು ದಿನಕ್ಕೆ ಮೂವತ್ತು, ನಲವತ್ತು ಸಲ ಆಯಿತು. ಸೈಕಲ್ ಹೆಲ್ಮೆಟ್ ಹಾಕಿಸಿ ಕೂರಿಸುತ್ತಿದ್ದೆವು.

ಆಗ ಡಾಕ್ಟರು ಕೀಟೋ ಪಥ್ಯದ ಮಾತು ತೆಗೆದರು. ಇದು ಹೊಸ ಫ್ಯಾಷನ್ ಅಲ್ಲ, 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈಲ್ಡರ್ ಎಂಬ ವೈದ್ಯರು ಅಪಸ್ಮಾರಕ್ಕೆ ಅಂತಲೇ ಹೇಳಿದ ಪಥ್ಯ, ಈಗಿನವರು ತೂಕ ಇಳಿಸಲು ಹಿಡಿದುಕೊಂಡಿದ್ದಾರೆ ಅಷ್ಟೆ ಅಂದರು. ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಬಂದಿದೆ. ಎರಡು ವರ್ಷದಿಂದ ಹದಿನಾರರವರೆಗಿನ, ಮದ್ದಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳು. ಮೂರು ತಿಂಗಳಲ್ಲಿ ಪಥ್ಯದ ಗುಂಪಿನ ಶೇಕಡಾ 38 ಮಕ್ಕಳಲ್ಲಿ ಫಿಟ್ಸ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು, ಪಥ್ಯ ಇಲ್ಲದವರಲ್ಲಿ ಶೇಕಡಾ 6. ನನಗೆ ಆ 38 ಸಾಕಾಗಿತ್ತು. ಇವತ್ತು ರಾತ್ರಿಯಿಂದಲೇ ಶುರು ಮಾಡ್ತೇನೆ ಡಾಕ್ಟ್ರೇ ಅಂದೆ.

ಅವರು ಬಿಡಲಿಲ್ಲ. ಇಲ್ಲಿ ಸ್ವಲ್ಪ ನಿಧಾನ ಓದಿ.

ಕೆಲವು ಮಕ್ಕಳ ಮೈಗೆ ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಹುಟ್ಟಿನಿಂದಲೇ ಬರುವುದಿಲ್ಲ. ಕಾರ್ನಿಟಿನ್ ಕೊರತೆ, ಕೊಬ್ಬಿನ ಆಮ್ಲ ಒಡೆಯುವ ಕಿಣ್ವದ ತೊಂದರೆ ಅಂಥವು. ಪೈರುವೇಟ್ ಕಾರ್ಬಾಕ್ಸಿಲೇಸ್ ಕೊರತೆ, ಪೊರ್ಫೈರಿಯಾ, ಹೀಗೆ ಈ ಪಥ್ಯ ಆಗದ ಬೇರೆ ಕಾಯಿಲೆಗಳೂ ಇವೆ. ಅಂಥ ಮಗುವಿಗೆ ಅನ್ನ ನಿಲ್ಲಿಸಿ ಎಣ್ಣೆ ಕೊಟ್ಟರೆ ಜೀವಕ್ಕೇ ಅಪಾಯ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಕೆಲವು ಸಲ ಫಿಟ್ಸ್ ಒಂದೇ ಕಾಣುವ ಲಕ್ಷಣ. ಹಾಗಾಗಿ ಇಂಥ ತೊಂದರೆ ಇದೆಯಾ ಅಂತ ತಿಳಿಯಲು ಮೊದಲು ರಕ್ತದಲ್ಲಿ ಅಸೈಲ್‌ಕಾರ್ನಿಟಿನ್, ಮೂತ್ರದಲ್ಲಿ ಆರ್ಗಾನಿಕ್ ಆಸಿಡ್ ನೋಡಬೇಕು. ಜೊತೆಗೆ ಲಿವರ್, ಕಿಡ್ನಿ, ಕೊಲೆಸ್ಟರಾಲ್, ಹೊಟ್ಟೆಯ ಸ್ಕ್ಯಾನ್, ಇಸಿಜಿ. ರಿಪೋರ್ಟ್ ಬರಲು ನಮಗೆ ಹದಿನೈದು ದಿನ ಹಿಡಿಯಿತು. ಮಗಳು ಕಣ್ಣೆದುರು ಬೀಳುತ್ತಾ ಇರುವಾಗ ಆ ಹದಿನೈದು ದಿನ ಸುಮ್ನೆ ಕೂತದ್ದು ನನ್ನ ಜೀವನದ ಅತಿ ಕಷ್ಟದ ಕೆಲಸ. ಹಾಗಿದ್ದರೂ ಯಾರು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ, ಕಾಯಿರಿ. ಆ ನಡುವೆ ಕೊಡಬೇಕೆಂದಿದ್ದ ಟೊಪಿರಾಮೇಟ್ ಅನ್ನುವ ಫಿಟ್ಸಿನ ಮದ್ದನ್ನೂ ಡಾಕ್ಟರು ಬದಿಗಿಟ್ಟರು. ಪಥ್ಯದ ಜೊತೆ ಅದೂ ಸೇರಿದರೆ ರಕ್ತದಲ್ಲಿ ಆಮ್ಲ ಏರುವುದು, ಕಿಡ್ನಿಯಲ್ಲಿ ಕಲ್ಲಾಗುವುದು ಎರಡಕ್ಕೂ ಹಾದಿ ಅಂದರು.

2019ರ ನವೆಂಬರಿನಲ್ಲಿ ಐದು ದಿನ ಆಸ್ಪತ್ರೆಯಲ್ಲಿಟ್ಟು ಶುರು ಮಾಡಿದರು. ಆಗ ಅವಳಿಗೆ ಮೂರು ವರ್ಷ, ತೂಕ 12 ಕಿಲೋ. ಲೆಕ್ಕ ಹೀಗೆ: ದಿನಕ್ಕೆ 930 ಕ್ಯಾಲೊರಿ, ಅದರಲ್ಲಿ ಕೊಬ್ಬು 90 ಗ್ರಾಂ, ಪ್ರೋಟೀನ್ ಮತ್ತು ಪಿಷ್ಟ ಎರಡೂ ಸೇರಿ 30 ಗ್ರಾಂ. ಮೂರಕ್ಕೊಂದು ಅನ್ನುವುದು ಇದಕ್ಕೇ. ನಾಲ್ಕಕ್ಕೊಂದು ಇನ್ನೂ ಬಿಗಿ, ಆದರೆ ಬೆಳೆಯುವ ಸಣ್ಣ ಮಗುವಿಗೆ ಪ್ರೋಟೀನ್ ಕಮ್ಮಿ ಆಗಬಾರದು ಅಂತ ನಮ್ಮ ಡಯಟಿಷಿಯನ್ ಮೂರರಲ್ಲೇ ನಿಲ್ಲಿಸಿದರು. ಎರಡನೇ ರಾತ್ರಿ ಮಗು ವಾಂತಿ ಮಾಡಿ ತೂಕಡಿಸತೊಡಗಿತು. ಬೆರಳು ಚುಚ್ಚಿ ನೋಡಿದರೆ ಶುಗರ್ 46ಕ್ಕೆ ಇಳಿದಿತ್ತು. ನರ್ಸ್ 30 ಎಂಎಲ್ ಕಿತ್ತಳೆ ರಸ ಅಳೆದು ಕುಡಿಸಿದರು, ಅರ್ಧ ಗಂಟೆ ಬಿಟ್ಟು ಮತ್ತೆ ಚುಚ್ಚಿದರು, 68 ಆಗಿತ್ತು. ಇದೇ ಮನೆಯಲ್ಲಿ ಆಗಿದ್ದರೆ, ಮಗು ಮಲಗಿದೆ ಅಂತ ನಾವು ಲೈಟ್ ಆರಿಸಿ ಮಲಗುತ್ತಿದ್ದೆವು.

ಅಡಿಕೆ ತೂಗಿ ರೂಢಿಯಾದ ಕೈಗೆ ಗ್ರಾಂ ತಕ್ಕಡಿ ಬೇರೆಯೇ ಲೋಕ. ನಮ್ಮದು ಮೊಟ್ಟೆ ತಿನ್ನದ ಮನೆ, ಹಾಗಾಗಿ ಪನೀರ್, ಕೆನೆ, ತುಪ್ಪ, ಕಾಯಿ ಇಷ್ಟರಲ್ಲೇ ಎಲ್ಲ ಆಗಬೇಕು. ಒಂದು ಹೊತ್ತಿನ ಊಟ ಅಂದರೆ ಪನೀರ್ 15 ಗ್ರಾಂ, ಕಾಯಿತುರಿ 20, ಮುಳ್ಳುಸೌತೆ 40, ತೆಂಗಿನೆಣ್ಣೆ 11. ಇದು ನನ್ನ ಮಗಳ ಲೆಕ್ಕ, ದಯವಿಟ್ಟು ನಿಮ್ಮ ಮಗುವಿಗೆ ಹಾಕಬೇಡಿ. ಕಾಯಿತುರಿ ನಮ್ಮ ಪಾಲಿಗೆ ದೊಡ್ಡ ಉಪಕಾರ ಮಾಡಿತು, ಅದರಲ್ಲಿ ಕೊಬ್ಬು ಜಾಸ್ತಿ, ಪಿಷ್ಟ ಕಮ್ಮಿ. ಒಂದೆಲಗದ ತಂಬುಳಿಯನ್ನು ಮಜ್ಜಿಗೆ ಬಿಟ್ಟು ದಪ್ಪ ಕಾಯಿಹಾಲಿನಲ್ಲಿ ಮಾಡಿದೆ. ಪುನರ್ಪುಳಿ ಸಾರಿಗೆ ಬೆಲ್ಲ ಇಲ್ಲ, ಮೇಲಿಂದ ತುಪ್ಪ. ಬಟ್ಟಲಿಗೆ ಅಂಟಿದ ಎಣ್ಣೆಯೂ ಲೆಕ್ಕಕ್ಕೆ ಸೇರಿದ್ದು, ಅದನ್ನು ಸಿಲಿಕೋನ್ ಚಮಚದಲ್ಲಿ ಸವರಿ ಸವರಿ ಬಾಯಿಗೆ ಹಾಕುತ್ತಿದ್ದೆ. ಉಳಿದವರು ಕುಚ್ಚಲಕ್ಕಿ ಗಂಜಿ ಉಣ್ಣುವಾಗ ಅವಳು ಬಟ್ಟಲು ನೋಡುತ್ತಿದ್ದಳು. ಕೊನೆಗೆ ನಾವು ಅವಳ ಎದುರು ಗಂಜಿ ಉಣ್ಣುವುದನ್ನೇ ಬಿಟ್ಟೆವು.

ಒಂಬತ್ತನೇ ದಿನ ಬೀಳುವುದು ಹತ್ತಕ್ಕೆ ಇಳಿಯಿತು. ಆರನೇ ವಾರ ಒಂದೂ ಇಲ್ಲ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ನಮ್ಮ ಜೊತೆ ಶುರು ಮಾಡಿದ ಇನ್ನೊಂದು ಮಗುವಿಗೆ ಮೂರು ತಿಂಗಳಾದರೂ ಏನೂ ಆಗದೆ ನಿಲ್ಲಿಸಿದರು. ಎರಡು ವರ್ಷಕ್ಕಿಂತ ಕೆಳಗಿನ ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಬಂತು. ಅದರಲ್ಲಿ ಪಥ್ಯ ಇನ್ನೊಂದು ಮದ್ದಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಾಣಲಿಲ್ಲ, ಗಂಭೀರ ತೊಂದರೆಗಳೂ ಎರಡು ಗುಂಪಿನಲ್ಲಿ ಹೆಚ್ಚುಕಮ್ಮಿ ಸಮವೇ ಇದ್ದವು. ಕಾಯಿಲೆ ಯಾವ ಬಗೆಯದು ಅನ್ನುವುದರ ಮೇಲೂ ತುಂಬಾ ನಿಂತಿದೆ.

ನಮಗೆ ಪೆಟ್ಟು ಕೊಟ್ಟದ್ದು ಕಾಣದ ಸಕ್ಕರೆ. ಜ್ವರದ ಸಿರಪ್, ಕೆಮ್ಮಿನ ಸಿರಪ್, ವಿಟಮಿನ್ ಹನಿ, ಟೂತ್‌ಪೇಸ್ಟ್, ಎಲ್ಲದರ ಮೇಲಿನ ಚೀಟಿ ಓದಬೇಕು. ವಾಲ್ಪ್ರೋಯೇಟ್ ಸಿರಪ್ಪಿನಿಂದ ಮಾತ್ರೆಗೆ ಬದಲಾಯಿಸಿದರು. ಜ್ವರಕ್ಕೆ ಗುದದ್ವಾರದಲ್ಲಿ ಇಡುವ ಪ್ಯಾರಾಸಿಟಮಾಲ್ ಕೊಟ್ಟರು. ಅಜ್ಜಿ ಪ್ರೀತಿಯಿಂದ ತಂದ ಅರಿಷ್ಟ, ಲೇಹ್ಯ ಎರಡರಲ್ಲೂ ಬೆಲ್ಲ. ಮಧೂರಿಗೆ ಹೋದ ನೆಂಟರೊಬ್ಬರು ಅಪ್ಪ ಪ್ರಸಾದ ತಂದಿದ್ದರು. ನಾನು ತೋಟದಲ್ಲಿದ್ದೆ. "ದೇವರ ಪ್ರಸಾದ ಅಲ್ವಾ, ಒಂದು ಚೂರು ಬಾಯಿಗೆ ಹಾಕಿದೆ" ಅಂದರು. ಆ ಚೂರು ಹೆಬ್ಬೆರಳಿನಷ್ಟಿತ್ತು. ಕೊಬ್ಬು ಉರಿದಾಗ ಬರುವ ಕೀಟೋನ್ ಎಷ್ಟಿದೆ ಅಂತ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ನಮ್ಮಲ್ಲಿತ್ತು. ಸಂಜೆ ಅದರ ಗಾಢ ನೇರಳೆ ಬಣ್ಣ ತಿಳಿ ಗುಲಾಬಿಗೆ ಇಳಿದಿತ್ತು, ಅಂದರೆ ಕೀಟೋನ್ ಕಮ್ಮಿಯಾಗಿತ್ತು, ರಾತ್ರಿ ನಾಲ್ಕು ಸಲ ಬಿದ್ದಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಮೊದಲೇ ಹೇಳದೇ ಇದ್ದದ್ದು ನಾನು. ಮರುದಿನವೇ ನೆಂಟರಿಷ್ಟರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಪ್ರಸಾದ ಬಂದರೆ ಹೂವು, ಗಂಧ ಅವಳಿಗೆ ಅಂತಾಯಿತು. ಆ ಪಟ್ಟಿಗಳ ಬಗ್ಗೆ ಒಂದು ಮಾತು: ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿ ತೆರೆದಿಟ್ಟರೆ ಹಾಳಾಗುತ್ತವೆ, ತಪ್ಪು ಬಣ್ಣ ತೋರಿಸುತ್ತವೆ.

ಅದಕ್ಕಿಂತ ಹೆದರಿದ್ದು ವಾಂತಿಭೇದಿ ಆದ ದಿನ. ಹತ್ತಿರದ ಆಸ್ಪತ್ರೆಗೆ ಓಡಿದೆವು. ಅಲ್ಲಿ ರೂಢಿಯಂತೆ ಗ್ಲೂಕೋಸ್ ಡ್ರಿಪ್ ತೂಗುಹಾಕಿದರು. ಅವರ ತಪ್ಪೂ ಅಲ್ಲ, ಎಲ್ಲ ಮಕ್ಕಳಿಗೂ ಅದೇ ಕೊಡುವುದು. ಈ ಪಥ್ಯದ ಮಗುವಿಗೆ ಶುಗರ್ ತೀರಾ ಇಳಿದಿದ್ದರೆ ಮಾತ್ರ ಗ್ಲೂಕೋಸ್, ಇಲ್ಲದಿದ್ದರೆ ಬರೀ ನಾರ್ಮಲ್ ಸಲೈನ್. ಪುಡಿ ಕಲಸುವ ಓಆರ್‌ಎಸ್‌ನಲ್ಲೂ ಗ್ಲೂಕೋಸ್ ಇದೆ. ನಾನು ಮಂಗಳೂರಿನ ಡಾಕ್ಟರ ಇಂಗ್ಲಿಷ್ ಪತ್ರ ತೋರಿಸಿ, ಅರೆಬರೆ ಮಲಯಾಳದಲ್ಲಿ ಬೇಡ ಬೇಡ ಅನ್ನುವುದರಲ್ಲಿ ಹತ್ತು ನಿಮಿಷ ಹೋಯಿತು. ಆಮೇಲೆ ಒಬ್ಬ ಗೆಳೆಯನಿಂದ ಆ ಪತ್ರವನ್ನು ಮಲಯಾಳದಲ್ಲೂ ಬರೆಸಿ ಡಾಕ್ಟರ ಸಹಿ ಹಾಕಿಸಿ ಲ್ಯಾಮಿನೇಟ್ ಮಾಡಿಸಿದೆ. ಒಂದು ಪ್ರತಿ ಅವಳ ಚೀಲದಲ್ಲಿ, ಒಂದು ಬೈಕಿನಲ್ಲಿ, ಒಂದು ಅಂಗನವಾಡಿಯಲ್ಲಿ. ಗಡಿಯಲ್ಲಿ ಇರುವವರು ಇದನ್ನು ಮರೆಯಬೇಡಿ. ಮಗುವಿಗೆ ಉಸಿರು ಜೋರಾಗಿ, ಮುಖ ಕೆಂಪಾಗಿ, ಎಬ್ಬಿಸಿದರೂ ಏಳದಷ್ಟು ಸುಸ್ತು ಇದ್ದರೆ ಕೀಟೋನ್ ಮಿತಿ ಮೀರಿರಬಹುದು, ಕಾಯದೆ ಹೊರಡಿ.

2020ರ ಮಾರ್ಚಿನ ಕೊನೆಗೆ ನಮ್ಮ ತಪಾಸಣೆ ಇತ್ತು. ಅಷ್ಟರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ಐವತ್ತು ಕಿಲೋಮೀಟರ್ ದೂರದ ಡಾಕ್ಟರು ವಿದೇಶದಲ್ಲಿ ಇದ್ದ ಹಾಗಾಯಿತು. ಡಯಟಿಷಿಯನ್ ದಿನಾ ವಾಟ್ಸಾಪಿನಲ್ಲಿ ಸಿಕ್ಕಿದರು. ಕೆನೆ ಸಿಗದ ದಿನ ತಕ್ಕಡಿಯ ಫೋಟೋ ಕಳಿಸುತ್ತಿದ್ದೆ, ಅವರು ಕಾಯಿಹಾಲಿಗೆ ಲೆಕ್ಕ ಮಾಡಿ ಕಳಿಸುತ್ತಿದ್ದರು. ಆದರೆ ರಕ್ತಪರೀಕ್ಷೆ ತಡವಾಯಿತು. ಕೊನೆಗೆ ಮಾಡಿಸಿದಾಗ ರಕ್ತದ ಕೊಬ್ಬು, ಟ್ರೈಗ್ಲಿಸರೈಡ್, 380ಕ್ಕೆ ಏರಿತ್ತು. ತುಪ್ಪ, ತೆಂಗಿನೆಣ್ಣೆಯ ಒಂದು ಪಾಲು ತೆಗೆದು ಎಳ್ಳೆಣ್ಣೆ, ಶೇಂಗಾ ಎಣ್ಣೆ ಹಾಕಿದೆವು, ಅನುಪಾತವನ್ನೂ ಎರಡೂವರೆಗೆ ಇಳಿಸಿದರು. ನಾಲ್ಕು ತಿಂಗಳಲ್ಲಿ ಸರಿಹೋಯಿತು. ಮಲಬದ್ಧತೆ ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಎರಡನೇ ವರ್ಷ ಒಂದು ರಾತ್ರಿ ಮೂತ್ರ ಮಾಡುವಾಗ ಕಿರುಚಿ ಅತ್ತಳು, ಚಡ್ಡಿಯಲ್ಲಿ ಕೆಂಪು. ಸ್ಕ್ಯಾನಿನಲ್ಲಿ ಎಡ ಕಿಡ್ನಿಯಲ್ಲಿ 3 ಮಿಲಿಮೀಟರಿನ ಕಲ್ಲು. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟರು, ನೀರು ಜಾಸ್ತಿ ಮಾಡಿದರು. ಬೇಸಗೆಯಲ್ಲಿ ಅವಳಿಗೆ ನೀರು ಸಾಲುತ್ತಿಲ್ಲ ಅನ್ನುವುದನ್ನು ನಾನು ಗಮನಿಸಬೇಕಿತ್ತು. ಎಣ್ಣೆ ತೂಗುವುದರಲ್ಲೇ ಮುಳುಗಿದ್ದೆ, ನೀರು ಅಳೆದಿರಲಿಲ್ಲ. ಅಂದಿನಿಂದ ಗುರುತು ಹಾಕಿದ ಬಾಟಲಿ ಬಂತು. ಕ್ಯಾಲ್ಸಿಯಂ, ವಿಟಮಿನ್ ಮಾತ್ರೆ ಒಂದು ದಿನವೂ ತಪ್ಪಿಸುವಂತಿಲ್ಲ, ಯಾಕೆಂದರೆ ಈ ಊಟದಲ್ಲಿ ಅವು ಸಾಕಷ್ಟು ಇಲ್ಲ. ಅಷ್ಟು ಮಾಡಿದರೂ ಆ ಎರಡು ವರ್ಷ ಅವಳ ಎತ್ತರ ನಿಧಾನ ಏರಿತು. ವಾರಗೆಯ ಮಕ್ಕಳು ಅವಳನ್ನು ದಾಟಿ ಹೋದರು.

ನಿಲ್ಲಿಸಿದ್ದೂ ಒಂದೇ ದಿನ ಅಲ್ಲ. ಎರಡು ವರ್ಷ ತುಂಬಿದ ಮೇಲೆ ಅನುಪಾತವನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ನಾಲ್ಕು ತಿಂಗಳು ತೆಗೆದುಕೊಂಡರು. ಫಿಟ್ಸ್ ಮರಳಿ ಬಂದರೆ ಹಿಂದಿನ ಮೆಟ್ಟಿಲಿಗೆ ಹೋಗಬೇಕು ಅಂತ ಹೇಳಿಯೇ ಇಟ್ಟಿದ್ದರು. ಮೊದಲು ಸೇರಿಸಿದ್ದು 10 ಗ್ರಾಂ ಕುಚ್ಚಲಕ್ಕಿ ಅನ್ನ. ತಕ್ಕಡಿಯ ಮೇಲೆ ಇಟ್ಟು ನೋಡಿದರೆ ಮುಷ್ಟಿಯೂ ಇಲ್ಲ. ಅವಳು ಒಂದೊಂದೇ ಅಗುಳು ತೆಗೆದು ತಿಂದಳು, ಮುಗಿಯಲು ಕಾಲು ಗಂಟೆ ಬೇಕಾಯಿತು. ಫಿಟ್ಸ್ ಬರಲಿಲ್ಲ.

ಈಗ ಮೂರನೇ ಕ್ಲಾಸು. ಎತ್ತರ ಕಮ್ಮಿ ಅಂತ ಇನ್ನೂ ಸಾಲಿನ ಮೊದಲಿಗೇ ನಿಲ್ಲುತ್ತಾಳೆ, ಆದರೆ ಹೋದ ವರ್ಷ ಒಂದೇ ವರ್ಷದಲ್ಲಿ ಆರು ಸೆಂಟಿಮೀಟರ್ ಬೆಳೆದಿದ್ದಾಳೆ. ಕಿಡ್ನಿ ಸ್ಕ್ಯಾನ್ ಸ್ವಚ್ಛ. ಬದಿಯಡ್ಕದವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಅಸೈಲ್‌ಕಾರ್ನಿಟಿನ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾರಂತೆ, ರಿಪೋರ್ಟಿಗೆ ಕಾಯುತ್ತಿದ್ದಾರೆ.