ರೇಸ್ ಇಲ್ಲದ ತಿಂಗಳುಗಳು: ಸ್ಕೀ ಸ್ಪರ್ಧಿಯ ವಿಶ್ರಾಂತಿ, ಪ್ರಯಾಣ ಮತ್ತು ಮರುತರಬೇತಿ

ಹಿಮದ ಇಳಿಜಾರಿನಲ್ಲಿ ಕೆಳಕ್ಕೆ ಜಾರುವ ಆಲ್ಪೈನ್ ಸ್ಕೀಯಿಂಗ್‌ನ ವಿಶ್ವಕಪ್ ಋತು ಅಕ್ಟೋಬರ್ ಕೊನೆಯಲ್ಲಿ ಆಸ್ಟ್ರಿಯಾದ ಸೋಲ್ಡನ್ ಊರಿನ ಮೇಲಿರುವ ಹಿಮನದಿಯಲ್ಲಿ ಆರಂಭವಾಗಿ ಮಾರ್ಚ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಅದರ ಕೆಳಗಿನ ಹಂತದ ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ರೇಸ್‌ಗಳು ಹಿಮ ಉಳಿದಿರುವ ಕಡೆಗಳಲ್ಲಿ ಏಪ್ರಿಲ್‌ವರೆಗೂ ನಡೆಯುತ್ತವೆ. ನಡುವೆ ಸಿಗುವ ಆರೇಳು ತಿಂಗಳು ಧಾರಾಳವಾಗಿ ಕಂಡರೂ, ಅಷ್ಟರೊಳಗೆ ದೇಹ ಸುಧಾರಿಸಿಕೊಳ್ಳಬೇಕು, ಬಲ ಕಟ್ಟಿಕೊಳ್ಳಬೇಕು, ಹೊಸ ಸ್ಕೀ ಮತ್ತು ಬೂಟುಗಳನ್ನು ಪರೀಕ್ಷಿಸಬೇಕು, ಹಿಮವನ್ನು ಹುಡುಕಿಕೊಂಡು ದಕ್ಷಿಣ ಗೋಳಾರ್ಧದವರೆಗೂ ಹೋಗಿ ಬರಬೇಕು. ಶಿಬಿರಗಳ ದಿನಾಂಕಗಳನ್ನು ಮೊದಲು ಗೊತ್ತುಮಾಡಿ, ಮಿಕ್ಕ ದಿನಗಳಿಗೆ ವಿಶ್ರಾಂತಿ ಎಂದು ಹೆಸರಿಡುವ ರೂಢಿಯೊಂದಿದೆ. ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮೊದಲ ರೇಸಿನ ದಿನಾಂಕದಿಂದ ಹಿಂದಕ್ಕೆ ಎಣಿಸಿ ಯೋಜನೆಯನ್ನು ಹಾಕಿರಿ, ಆದರೆ ಕ್ಯಾಲೆಂಡರಿನಲ್ಲಿ ವಿಶ್ರಾಂತಿಯ ವಾರಗಳನ್ನು ಎಲ್ಲಕ್ಕಿಂತ ಮೊದಲು ಗುರುತು ಮಾಡಿರಿ. ಮೇ ತಿಂಗಳಲ್ಲಿ ಕಡಿಮೆ ಬೆವರು ಹರಿಸಿದ್ದರಿಂದ ಚಳಿಗಾಲ ಕೆಡುವುದು ಅಪರೂಪ. ಹಿಂದಿನ ಋತುವಿನ ದಣಿವನ್ನು ಹೊತ್ತುಕೊಂಡೇ ಜುಲೈನಲ್ಲಿ ಹಿಮಕ್ಕಿಳಿದು ಕೆಡುವುದೇ ಹೆಚ್ಚು.

ಏಪ್ರಿಲ್: ನಿಲ್ಲಿಸುವ ಮುನ್ನ

ಕೊನೆಯ ರೇಸ್ ಮುಗಿದ ಮರುದಿನವೇ ಊರಿಗೆ ಹೊರಡಬೇಡಿರಿ. ಹಿಮ ಇನ್ನೂ ಗಟ್ಟಿಯಾಗಿರುವಾಗ, ಲಯ ಕಾಲಿನಲ್ಲಿರುವಾಗ, ಮುಂದಿನ ಋತುವಿನ ಸ್ಕೀ ಮತ್ತು ಬೂಟುಗಳನ್ನು ಪರೀಕ್ಷಿಸಿ ತೀರ್ಮಾನಿಸುವುದು ಜಾಣತನ. ಅದೇ ಪರೀಕ್ಷೆಯನ್ನು ಆಗಸ್ಟ್‌ಗೆ ಮುಂದೂಡಿದರೆ, ಸಮಯದಲ್ಲಿ ಕಂಡ ವ್ಯತ್ಯಾಸ ಸ್ಕೀಯಿಂದ ಬಂದದ್ದೋ ಮೂರು ತಿಂಗಳು ಹಿಮ ಮುಟ್ಟದ ಕಾಲಿನಿಂದ ಬಂದದ್ದೋ ಎಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ.

ಇದೇ ವಾರದಲ್ಲಿ ವೈದ್ಯರನ್ನೂ ಕಾಣಬೇಕು. ಚಳಿಗಾಲವಿಡೀ ಬ್ಯಾಂಡೇಜ್ ಸುತ್ತಿಕೊಂಡು ಓಡಿಸಿದ ಮೊಣಕಾಲು, ಸೊಂಟದ ನೋವು, ಗೇಟು (ಮಾರ್ಗ ಗುರುತಿಸಲು ನೆಟ್ಟ ಕೋಲು) ಬಡಿದು ಊದಿದ ಕೈಬೆರಳು, ಇವುಗಳನ್ನು ಈಗಲೇ ತೋರಿಸಿರಿ. ಈ ಆಟದಲ್ಲಿ ಅತಿ ಸಾಮಾನ್ಯವಾದ ಗಂಭೀರ ಗಾಯವೆಂದರೆ ಮೊಣಕಾಲನ್ನು ಒಳಗಿನಿಂದ ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು. ಅದರ ಶಸ್ತ್ರಚಿಕಿತ್ಸೆಯ ನಂತರ ಸ್ಪರ್ಧೆಗೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕೆಂದು ಕ್ರೀಡಾ ವೈದ್ಯರು ಹೇಳುತ್ತಾರೆ. ಅಂದರೆ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆಯಾದರೂ ಮರಳುವುದು ಜನವರಿಗೇ. "ನೋಡೋಣ" ಎನ್ನುತ್ತಾ ಜೂನ್‌ವರೆಗೆ ತಳ್ಳಿದರೆ ಇಡೀ ಋತುವೇ ಕೈತಪ್ಪುತ್ತದೆ. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶದ ಸಂಗ್ರಹವನ್ನೂ ನೋಡಿಸಿಕೊಳ್ಳಿರಿ, ಏಕೆಂದರೆ ಬೇಸಿಗೆಯ ಹಿಮನದಿ ಶಿಬಿರಗಳು ನಡೆಯುವುದು ಮೂರು ಸಾವಿರ ಮೀಟರಿನ ಆಸುಪಾಸಿನಲ್ಲಿ, ಮತ್ತು ಕಬ್ಬಿಣ ಕಡಿಮೆಯಿದ್ದವರ ದೇಹ ಆ ಎತ್ತರಕ್ಕೆ ಒಗ್ಗಿಕೊಳ್ಳಲು ತಿಣುಕುತ್ತದೆ.

ಇನ್ನು ಸಲಕರಣೆಗಳನ್ನು ಎತ್ತಿಡುವ ಕೆಲಸ. ಸ್ಕೀಯ ತಳವನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಬಿಸಿ ಮೇಣ ಹಚ್ಚಿ ಅದು ಆರುವ ಮೊದಲೇ ಕೆರೆದು ತೆಗೆದರೆ ಋತುವಿಡೀ ಕುಳಿತ ಕೊಳೆ ಮೇಣದ ಜೊತೆಗೇ ಬರುತ್ತದೆ. ಅಂಚಿನ ಉಕ್ಕಿನಲ್ಲಿ ತುಕ್ಕಿದ್ದರೆ ಉಜ್ಜಿ, ಒರೆಸಿ, ಸಂಪೂರ್ಣ ಒಣಗಿಸಿರಿ. ಬಳಿಕ ಮತ್ತೊಮ್ಮೆ ಮೃದುವಾದ ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ದಪ್ಪಗೆ ಹರಡಿ, ಅದು ತಳವನ್ನಷ್ಟೇ ಅಲ್ಲದೆ ಎರಡೂ ಬದಿಯ ಉಕ್ಕಿನ ಅಂಚನ್ನೂ ಮುಚ್ಚುವಂತೆ ನೋಡಿಕೊಂಡು, ಕೆರೆಯದೆ ಹಾಗೆಯೇ ಬಿಡಿರಿ. ಬೂಟಿನ ಒಳಪದರವನ್ನು ಹೊರತೆಗೆದು ನೆರಳಿನಲ್ಲಿ ಒಣಗಿಸಿ, ಮತ್ತೆ ಒಳಗಿಟ್ಟು ಬಕಲ್‌ಗಳನ್ನು ಸಡಿಲವಾಗಿ ಹಾಕಿರಿ. ತೆರೆದೇ ಇಟ್ಟ ಬೂಟಿನ ಪ್ಲಾಸ್ಟಿಕ್ ಚಿಪ್ಪು ಬೇಸಿಗೆಯ ಬಿಸಿಗೆ ಆಕಾರ ಕೆಡಿಸಿಕೊಳ್ಳುತ್ತದೆ.

ವಿಶ್ರಾಂತಿ ಎಂದರೆ ಏನು ಮಾಡಬೇಕು

ಮೂರರಿಂದ ನಾಲ್ಕು ವಾರಗಳನ್ನು ವಿಶ್ರಾಂತಿಗೆ ಮೀಸಲಿಡಿರಿ. ಮೊದಲ ವಾರ ಅಥವಾ ಹತ್ತು ದಿನ ವೇಳಾಪಟ್ಟಿ, ಗಡಿಯಾರ, ಹೃದಯಬಡಿತ ಅಳೆಯುವ ಎದೆಪಟ್ಟಿ ಯಾವುದೂ ಬೇಡ. ಆಮೇಲಿನ ವಾರಗಳಲ್ಲಿ ನಡಿಗೆ, ಈಜು, ಸೈಕಲ್, ಟೆನಿಸ್, ಮನಸ್ಸಿಗೆ ಬಂದದ್ದನ್ನು ಮನಸ್ಸಿಗೆ ಬಂದಷ್ಟು ಮಾಡಬಹುದು. ತರಬೇತುದಾರರಿಂದಲೂ ದೂರವಿರುವುದು ಒಳ್ಳೆಯದು. ಋತುವಿನ ವಿಮರ್ಶೆಯ ಸಭೆಯನ್ನು ಈ ವಾರಗಳ ನಂತರ ಕರೆದರೆ ಇಬ್ಬರ ಮಾತಿನಲ್ಲೂ ಕಾವು ಇಳಿದಿರುತ್ತದೆ.

ಪ್ರವಾಸಕ್ಕೆ ಇದೇ ಸರಿಯಾದ ಸಮಯ. ಸ್ಥಳದ ಆಯ್ಕೆಯಲ್ಲಿ ನನ್ನದು ಒಂದೇ ಸಲಹೆ: ಹಿಮವಿಲ್ಲದ, ಎತ್ತರವಿಲ್ಲದ, ಗಡಿಯಾರದ ವ್ಯತ್ಯಾಸ ಹೆಚ್ಚಿಲ್ಲದ ಊರಿಗೆ ಹೋಗಿರಿ. ಆದರೆ ಉನ್ನತ ಮಟ್ಟದ ಸ್ಪರ್ಧಿಗಳಿಗೆ ರಜೆಯಲ್ಲೂ ರಜೆ ಕೊಡದ ನಿಯಮವೊಂದಿದೆ. ಡೋಪಿಂಗ್ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿ ಹೆಸರಿರುವವರು ತಾವು ಎಲ್ಲಿರುತ್ತೇವೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಮುಂಚಿತವಾಗಿ ದಾಖಲಿಸಿ, ಪ್ರತಿದಿನ ಬೆಳಗಿನ 5ರಿಂದ ರಾತ್ರಿ 11ರ ನಡುವೆ ಒಂದು ಗಂಟೆ ಹೇಳಿದ ಸ್ಥಳದಲ್ಲಿ ಸಿಗಬೇಕು. ಹನ್ನೆರಡು ತಿಂಗಳೊಳಗೆ ಮೂರು ಬಾರಿ ತಪ್ಪಿದರೆ, ಮದ್ದು ಮುಟ್ಟದಿದ್ದರೂ ಅದು ಡೋಪಿಂಗ್ ನಿಯಮದ ಉಲ್ಲಂಘನೆಯೇ. ಸಮುದ್ರತೀರದ ಹೋಟೆಲನ್ನು ದಿಢೀರನೆ ಬದಲಾಯಿಸಿದರೆ, ಕೋಣೆಯ ಕೀಲಿ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ವಿಳಾಸವನ್ನು ತಿದ್ದಿರಿ. ಪರದೇಶದ ಔಷಧಿ ಅಂಗಡಿಯಲ್ಲಿ ಕೊಂಡ ಗಾಯದ ಮುಲಾಮಿನ ಮೇಲಿನ ಚೀಟಿಯನ್ನೂ ಓದದೆ ಹಚ್ಚಬೇಡಿರಿ.

ಒಣ ನೆಲದ ತರಬೇತಿ

ಗೇಟುಗಳು ದೂರ ದೂರವಿರುವ ಜೈಂಟ್ ಸ್ಲಾಲಮ್‌ನ ಒಂದು ಓಟ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ನಡೆಯುತ್ತದೆ, ಗೇಟುಗಳು ಒತ್ತೊತ್ತಾಗಿರುವ ಸ್ಲಾಲಮ್ ಅದಕ್ಕಿಂತ ಕಡಿಮೆ, ಅತಿ ವೇಗದ ಡೌನ್‌ಹಿಲ್ ಎರಡು ನಿಮಿಷದ ಆಸುಪಾಸು. ಅಷ್ಟು ಹೊತ್ತು ತೊಡೆಯ ಸ್ನಾಯುಗಳು ದೇಹದ ತೂಕದ ಎರಡು ಮೂರು ಪಟ್ಟು ಭಾರವನ್ನು ಪ್ರತಿ ತಿರುವಿನಲ್ಲೂ ತಡೆದು ನಿಲ್ಲಬೇಕು. ಮೇಲಕ್ಕೆ ಚಿಮ್ಮುವ ಶಕ್ತಿಗಿಂತ, ಭಾರದಡಿ ನಿಧಾನವಾಗಿ ಚಾಚಿಕೊಳ್ಳುತ್ತಾ ತಡೆಯುವ ಶಕ್ತಿಯೇ ಇಲ್ಲಿ ಮುಖ್ಯ. ಆದ್ದರಿಂದ ಮೇ ಮಧ್ಯದಿಂದ ಜೂನ್‌ವರೆಗೆ ಬಲ ಮತ್ತು ಉಸಿರಿನ ಬುನಾದಿ ಹಾಕಿ, ಸ್ಕ್ವಾಟ್‌ನಲ್ಲಿ ಏಳುವುದಕ್ಕಿಂತ ಇಳಿಯುವುದಕ್ಕೆ ಗಮನ ಕೊಡಿರಿ; ನಾಲ್ಕೈದು ಸೆಕೆಂಡ್ ತೆಗೆದುಕೊಂಡು ಇಳಿದು, ಕೆಳಗೆ ಕ್ಷಣ ಹೊತ್ತು ನಿಂತು ಏಳಿರಿ. ತೊಡೆಯ ಹಿಂಬದಿಯ ಸ್ನಾಯುಗಳನ್ನು ಕಡೆಗಣಿಸುವುದು ಸ್ಕೀಪಟುಗಳ ಹಳೆಯ ಚಾಳಿ. ಎಸಿಎಲ್‌ಗೆ ಆಸರೆಯಾಗಿ ನಿಲ್ಲುವುದು ಆ ಸ್ನಾಯುಗಳೇ ಎಂಬುದನ್ನು ಮರೆಯಬಾರದು. ಜುಲೈ ಹೊತ್ತಿಗೆ ಜಿಗಿತಗಳನ್ನೂ, ಅರವತ್ತರಿಂದ ತೊಂಬತ್ತು ಸೆಕೆಂಡ್‌ಗಳ ಬಿರುಸಿನ ಸುತ್ತುಗಳನ್ನೂ ಸೇರಿಸಿರಿ.

ಉಸಿರಿನ ಬುನಾದಿಗೆ ಸೈಕಲ್‌ಗಿಂತ ಒಳ್ಳೆಯ ಸಾಧನವಿಲ್ಲ, ಏಕೆಂದರೆ ಅದು ಮೊಣಕಾಲಿಗೆ ಹೊಡೆತ ಕೊಡುವುದಿಲ್ಲ. ಇಟಲಿಯ ಸ್ಟೆಲ್ವಿಯೊ ಕಣಿವೆದಾರಿಯ ಪ್ರಾಟೊ ಕಡೆಯ 48 ಹೇರ್‌ಪಿನ್ ತಿರುವುಗಳನ್ನು ಸೈಕಲ್ಲಿನಲ್ಲಿ ಏರಿದರೆ, ತುದಿಯಲ್ಲಿ ಬೇಸಿಗೆಯಲ್ಲಷ್ಟೇ ತೆರೆದಿರುವ ಸ್ಕೀ ತಾಣವೇ ಸಿಗುತ್ತದೆ! ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಂಥ, ಹಿಮದ ಮೇಲೆ ದೂರದ ಹಾದಿ ಸಾಗುವ ಕ್ರಾಸ್ ಕಂಟ್ರಿ ಸ್ಕೀಪಟುಗಳಿಗೆ ಬೇಸಿಗೆಯಲ್ಲಿ ರಸ್ತೆಯ ಮೇಲೆ ಓಡಿಸುವ ಗಾಲಿಯ ಸ್ಕೀಗಳಿವೆ. ಆಲ್ಪೈನ್ ಸ್ಪರ್ಧಿಗೆ ಹಿಮಕ್ಕೆ ಅಷ್ಟು ಹತ್ತಿರದ ಬದಲಿ ಯಾವುದೂ ಇಲ್ಲ. ಒಂದೇ ಸಾಲಿನ ಗಾಲಿಗಳ ಇನ್‌ಲೈನ್ ಸ್ಕೇಟಿಂಗ್ ಸಮತೋಲವನ್ನು ಕಾಯುತ್ತದೆ, ಅಷ್ಟೇ.

ಹಿಮವನ್ನು ಹುಡುಕಿಕೊಂಡು

ಬೇಸಿಗೆಯಲ್ಲಿ ಎರಡು ದಾರಿಗಳಿವೆ: ಯುರೋಪಿನ ಹಿಮನದಿಗಳು, ಇಲ್ಲವೇ ದಕ್ಷಿಣ ಗೋಳಾರ್ಧದ ಚಳಿಗಾಲ.

ಸ್ವಿಟ್ಜರ್ಲೆಂಡಿನ ತ್ಸೆರ್ಮಾಟ್ ಮತ್ತು ಸಾಸ್ ಫೇ, ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಇವು ಬೇಸಿಗೆ ಶಿಬಿರಗಳ ಹಳೆಯ ನೆಲೆಗಳು. ಇಲ್ಲಿ ದಿನ ನಸುಕಿನಲ್ಲೇ ಆರಂಭವಾಗುತ್ತದೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗ್ಗೆ ಗಾಜಿನಂತಿದ್ದು ಹತ್ತು ಗಂಟೆ ದಾಟುತ್ತಲೇ ಮೆತ್ತಗಾಗುತ್ತದೆ. ಅದನ್ನು ಇನ್ನಷ್ಟು ಹೊತ್ತು ಗಟ್ಟಿಯಾಗಿಡಲು ಗೇಟುಗಳ ಸಾಲಿನಲ್ಲಿ ಉಪ್ಪನ್ನು ಎರಚುತ್ತಾರೆ, ಮಧ್ಯಾಹ್ನಕ್ಕೆ ಎಲ್ಲರೂ ಕೆಳಗಿಳಿದಿರುತ್ತಾರೆ. ಈ ಹಿಮನದಿಗಳನ್ನು ಮೊದಲಿನಂತೆ ನಂಬಿ ಕೂರುವ ಕಾಲ ಮುಗಿದಿದೆ. 2022ರ ಜುಲೈ ಕೊನೆಯಲ್ಲಿ ತ್ಸೆರ್ಮಾಟ್ ಕೂಡ ಬೇಸಿಗೆಯ ಸ್ಕೀಯಿಂಗನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ವರ್ಷದ ಶರತ್ಕಾಲದಲ್ಲಿ ತ್ಸೆರ್ಮಾಟ್‌ನಿಂದ ಇಟಲಿಯ ಚೆರ್ವೀನಿಯಾಗೆ ಇಳಿಯಬೇಕಿದ್ದ ವಿಶ್ವಕಪ್ ಡೌನ್‌ಹಿಲ್ ರೇಸ್‌ಗಳು ಹಿಮವಿಲ್ಲದೆ ರದ್ದಾದವು. ಹಣ ಹಿಂದಿರುಗದ ಕೋಣೆಯನ್ನು ಕಾದಿರಿಸಬೇಡಿರಿ.

ದಕ್ಷಿಣದಲ್ಲಿ ಚಿಲಿಯ ಪೋರ್ಟಿಯೊ ಮತ್ತು ಲಾ ಪಾರ್ವಾ, ಅರ್ಜೆಂಟೀನಾದ ಉಶುವಾಯಾ ಬಳಿಯ ಸೆರ್ರೊ ಕಾಸ್ಟೊರ್, ನ್ಯೂಜಿಲೆಂಡಿನ ಕೊರೊನೆಟ್ ಪೀಕ್ ಹೆಸರಾದವು. ಚಿಲಿಯ ತಾಣಗಳು ಎತ್ತರದಲ್ಲಿವೆ, ಮೊದಲ ಎರಡು ಮೂರು ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಸೆರ್ರೊ ಕಾಸ್ಟೊರ್‌ನ ಬುಡ ಸಮುದ್ರಮಟ್ಟದಿಂದ ಕೆಲವೇ ನೂರು ಮೀಟರ್ ಎತ್ತರದಲ್ಲಿರುವುದರಿಂದ ಉಸಿರಿನ ತೊಂದರೆಯಿಲ್ಲ. ಮಧ್ಯ ಯುರೋಪಿನಿಂದ ಹೊರಟವರಿಗೆ ಚಿಲಿ ಆಗಸ್ಟ್‌ನಲ್ಲಿ ಆರು ಗಂಟೆ ಹಿಂದಿರುತ್ತದೆ, ನ್ಯೂಜಿಲೆಂಡ್ ಹತ್ತು ಗಂಟೆ ಮುಂದಿರುತ್ತದೆ. ಪಶ್ಚಿಮಕ್ಕೆ ಹೋದಾಗ ಸಂಜೆಯಾಗುವ ಮೊದಲೇ ಕಣ್ಣು ಮುಚ್ಚಿಬರುತ್ತದೆ. ಕೋಣೆ ಸೇರದೆ ಬೆಳಕಿನಲ್ಲಿ ಅಡ್ಡಾಡಿ ಹೊತ್ತು ಕಳೆಯಿರಿ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುವುದು ಸ್ಕೀಪಟುವಿಗೆ ಅನುಕೂಲವೇ. ಪೂರ್ವಕ್ಕೆ ಹೋಗುವುದು ಇದಕ್ಕಿಂತ ಕಷ್ಟ, ಆದ್ದರಿಂದ ನ್ಯೂಜಿಲೆಂಡ್‌ಗೆ ಮೂರು ವಾರಕ್ಕಿಂತ ಕಡಿಮೆ ಅವಧಿಗೆ ಹೋಗುವುದು ದುಡ್ಡು ದಂಡ ಎಂದೇ ನನ್ನ ಎಣಿಕೆ.

ಭಾರತದ ಪಾಸ್‌ಪೋರ್ಟ್ ಇರುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಗುಲ್ಮಾರ್ಗ್‌ನ ಆರಿಫ್ ಖಾನ್ ಅವರಂತೆ ನಮ್ಮ ಆಲ್ಪೈನ್ ಸ್ಪರ್ಧಿಗಳು ವರ್ಷದ ಬಹುಪಾಲು ಹಿಮವನ್ನು ಹೊರದೇಶದಲ್ಲೇ ಹುಡುಕಬೇಕಾಗಿದೆ, ಮತ್ತು ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ಡಿಸೆಂಬರ್ ಮಧ್ಯದಿಂದ 180 ದಿನ ಹಿಂದಕ್ಕೆ ಎಣಿಸಿದರೆ ಜೂನ್ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಅಂದರೆ ಜುಲೈ ಆಗಸ್ಟ್‌ನಲ್ಲಿ ಸಾಸ್ ಫೇಯಲ್ಲಿ 45 ದಿನ ಕಳೆದವರಿಗೆ ಡಿಸೆಂಬರ್ ಮಧ್ಯದವರೆಗಿನ ಶಿಬಿರ ಮತ್ತು ರೇಸ್ ಎಲ್ಲಕ್ಕೂ ಸೇರಿ ಉಳಿಯುವುದು 45 ದಿನ. ಚಿಲಿ ಅಥವಾ ನ್ಯೂಜಿಲೆಂಡಿನ ವಿಮಾನದ ಟಿಕೆಟ್ ದುಬಾರಿಯಾದರೂ ಅಲ್ಲಿ ಕಳೆದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನಿಂದ ನಾಲ್ಕು ತಾಸಿನ ಹಾದಿಯಲ್ಲಿರುವ ದುಬೈನ ಒಳಾಂಗಣ ಸ್ಕೀ ಕೇಂದ್ರದ ಅತಿ ಉದ್ದದ ಇಳಿಜಾರು 400 ಮೀಟರ್. ಸ್ಲಾಲಮ್ ತಿರುವುಗಳ ಲಯವನ್ನು ಕಾಯ್ದುಕೊಳ್ಳಲು ಅದು ಸಾಕು, ಜೈಂಟ್ ಸ್ಲಾಲಮ್‌ಗೆ ಏನೇನೂ ಸಾಲದು.

ಚೀಲ ಕಟ್ಟುವಾಗ ಬೂಟುಗಳನ್ನು ವಿಮಾನದೊಳಗೆ ಕೈಚೀಲದಲ್ಲೇ ಇಟ್ಟುಕೊಳ್ಳಿರಿ. ಸ್ಕೀ ಕಳೆದುಹೋದರೆ ಯಾರಿಂದಾದರೂ ಎರವಲು ಸಿಕ್ಕೀತು, ನಿಮ್ಮ ಪಾದಕ್ಕೆ ತಿದ್ದಿದ ಬೂಟು ಸಿಗದು. ಡೌನ್‌ಹಿಲ್ ಸ್ಕೀಗಳು ಎರಡು ಮೀಟರಿಗಿಂತ ಉದ್ದವಿರುವುದರಿಂದ ವಿಮಾನ ಸಂಸ್ಥೆಯ ಉದ್ದದ ಮಿತಿಯನ್ನು ಮೊದಲೇ ವಿಚಾರಿಸಿರಿ. ಅಂಚು ಮಸೆಯುವ ಅರಗಳು ಕೈಚೀಲದಲ್ಲಿ ಇರಕೂಡದು. ಹೊತ್ತಿಕೊಳ್ಳುವ ದ್ರವಮೇಣವನ್ನು ಮನೆಯಲ್ಲೇ ಬಿಡಿರಿ. ಬಿದ್ದಾಗ ಉಬ್ಬಿ ದೇಹವನ್ನು ಕಾಯುವ ಗಾಳಿಚೀಲದ ಕವಚದ ಅನಿಲದ ಕಾರ್ಟ್ರಿಜ್‌ಗೆ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಹಿಮದ ಮೇಲೆ ಮೊದಲ ವಾರ

ತಲುಪಿದ ದಿನ ಹಿಮ ಮುಟ್ಟುವುದು ಬೇಡ. ಮರುದಿನ ಸೈಕಲ್ ಅಥವಾ ಹಗುರವಾದ ಓಟ, ಅದರ ಮರುದಿನ ಗೇಟುಗಳಿಲ್ಲದ ಸ್ಕೀಯಿಂಗ್. ಮೊದಲ ಮೂರು ನಾಲ್ಕು ದಿನ ನಿಲುವು, ತೂಕವನ್ನು ತಿರುವಿನ ಹೊರಬದಿಯ ಕಾಲಿಗೆ ವರ್ಗಾಯಿಸುವುದು, ತಿರುವಿನ ಆರಂಭ, ಇಷ್ಟನ್ನೇ ಸಾಧಾರಣ ಇಳಿಜಾರಿನಲ್ಲಿ ಮಾಡಿರಿ. ಆಮೇಲೆ ನೆಲಮಟ್ಟದ ಬ್ರಷ್ ಗುರುತುಗಳು, ಗಿಡ್ಡ ಗೇಟುಗಳು, ಕೊನೆಗೆ ಪೂರ್ಣ ಎತ್ತರದ ಗೇಟುಗಳು. ಗಡಿಯಾರವನ್ನು ಮೊದಲ ಶಿಬಿರದ ಕೊನೆಯ ದಿನಗಳವರೆಗೆ ಪೆಟ್ಟಿಗೆಯಲ್ಲೇ ಇಡುವುದು ಉತ್ತಮ, ಏಕೆಂದರೆ ಸಮಯ ಕಂಡ ಕೂಡಲೇ ಯಾವ ಸ್ಪರ್ಧಿಯೂ ನಿಲುವಿನ ಬಗ್ಗೆ ಯೋಚಿಸುವುದಿಲ್ಲ. ಎರಡು ಅಥವಾ ಮೂರು ದಿನ ಹಿಮದ ಮೇಲಿದ್ದರೆ ಒಂದು ದಿನ ಬಿಡುವು ಕೊಡಿರಿ. ವೀಡಿಯೊದಲ್ಲಿ ಸೊಂಟ ಹಿಂದಕ್ಕೆ ಜಾರುವುದು ಕಂಡುಬಂದರೆ ಆ ದಿನದ ಓಟಗಳನ್ನು ಅಲ್ಲಿಗೇ ನಿಲ್ಲಿಸಿರಿ, ಲಿಫ್ಟಿನ ಟಿಕೆಟ್‌ಗೆ ಎಷ್ಟೇ ಕೊಟ್ಟಿದ್ದರೂ.

ಡೌನ್‌ಹಿಲ್‌ನಂಥ ವೇಗದ ಸ್ಪರ್ಧೆಗಳ ಅಭ್ಯಾಸದಲ್ಲಿ ತರಬೇತುದಾರರಿಗೆ ಕೇಳಲೇಬೇಕಾದ ಪ್ರಶ್ನೆ ಸುರಕ್ಷತಾ ಬಲೆಗಳದು. ವಿಶ್ವಕಪ್ ಮಾರ್ಗದಲ್ಲಿ ಇರುವಷ್ಟು ಬಲೆಗಳು ಬೇಸಿಗೆಯ ಅಭ್ಯಾಸದ ಇಳಿಜಾರಿನಲ್ಲಿ ಇರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮತ್ತೆಯೊ ಫ್ರಾಂಜೊಸೊ ಲಾ ಪಾರ್ವಾದಲ್ಲಿ ಅಭ್ಯಾಸದ ವೇಳೆ ಬಿದ್ದು ಮೃತರಾದರು. ಅದಕ್ಕೂ ಸುಮಾರು ಒಂದು ವರ್ಷ ಮೊದಲು, 2024ರ ಅಕ್ಟೋಬರ್‌ನಲ್ಲಿ, ಅದೇ ದೇಶದ 19 ವರ್ಷದ ಮಟಿಲ್ಡೆ ಲೊರೆಂಜಿ ವಾಲ್ ಸೆನಾಲೆಸ್ ಹಿಮನದಿಯಲ್ಲಿ ಅಭ್ಯಾಸದಲ್ಲೇ ಬಿದ್ದು ತೀರಿಕೊಂಡಿದ್ದರು. ಮಾರ್ಗದ ಬದಿಯಲ್ಲಿ ಏನಿದೆ ಎಂಬುದನ್ನು ಮೊದಲ ಓಟಕ್ಕೆ ಮುನ್ನ ಬದಿಯಿಂದ ಜಾರಿಕೊಂಡು ಬಂದು ಕಣ್ಣಾರೆ ನೋಡಿರಿ. ಬೇಲಿ, ಕಂಬ, ಹಿಮ ತಯಾರಿಸುವ ಯಂತ್ರ ಬಲೆ ಅಥವಾ ಮೆತ್ತೆಯ ರಕ್ಷಣೆಯಿಲ್ಲದೆ ಕಂಡರೆ ಮೇಲಕ್ಕೆ ಹೋಗಬೇಡಿರಿ.

ಸೆಪ್ಟೆಂಬರ್ ಕೊನೆಗೆ ಮನೆಗೆ ಮರಳಿ ಒಂದು ವಾರ ಹಿಮದಿಂದ ದೂರವಿದ್ದು, ಬಲದ ಅಭ್ಯಾಸವನ್ನು ವಾರಕ್ಕೆ ಎರಡು ಬಾರಿಗೆ ಇಳಿಸಿ, ಅಕ್ಟೋಬರ್‌ನಲ್ಲಿ ಯುರೋಪಿನ ಹಿಮನದಿಯಲ್ಲಿ ಕೊನೆಯ ಶಿಬಿರ ಮಾಡಿರಿ. ಆಗಲೂ ದೇಹ ಸಿದ್ಧವಿಲ್ಲದಿದ್ದರೆ ಮೊದಲ ರೇಸನ್ನು ಬಿಡಬಹುದು. ಆಸ್ಟ್ರಿಯಾದ ಸ್ಕೀಪಟು ಮಾರ್ಸೆಲ್ ಹಿರ್ಷರ್ 2017ರ ಆಗಸ್ಟ್‌ನಲ್ಲಿ, ಹಿಮದ ಮೇಲಿನ ಅಭ್ಯಾಸದ ಮೊದಲ ದಿನವೇ, ಮೋಲ್‌ಟಾಲ್ ಹಿಮನದಿಯಲ್ಲಿ ಎಡಗಾಲಿನ ಹರಡನ್ನು ಮುರಿದುಕೊಂಡರು. ಅವರು ನವೆಂಬರ್‌ನಲ್ಲಿ ಫಿನ್ಲೆಂಡಿನ ಲೆವಿಯ ಸ್ಲಾಲಮ್‌ನಲ್ಲಿ ಮರಳಿ 17ನೆಯವರಾದರು, ಡಿಸೆಂಬರ್ ಆರಂಭದಲ್ಲಿ ಅಮೆರಿಕದ ಬೀವರ್ ಕ್ರೀಕ್‌ನಲ್ಲಿ ಜೈಂಟ್ ಸ್ಲಾಲಮ್ ಗೆದ್ದರು, ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಪಡೆದರು. ಆ ವರ್ಷ ಸೋಲ್ಡನ್‌ನ ಆರಂಭಿಕರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.